ಓದಕ್ಕ ಹೇಳದ ಮಾತು

ಅಪರಾಧ ಬೆಳಕಿಗೆ ಬಂದದ್ದು ಧನ್ಯವಾದ ಹೇಳಲು ಮಾಡಿದ ಒಂದು ಫೋನ್ ಕರೆಯಿಂದ.

ಬೆಳಿಗ್ಗೆ ಹತ್ತು ಗಂಟೆ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಡುವ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಎಪ್ಪತ್ತೆರಡು ವರ್ಷದ ಹೆಂಗಸೊಬ್ಬರು ಕನ್ನಡಕ ಒರೆಸುತ್ತ ಕುಳಿತಿದ್ದರು. ಮೂವತ್ತೊಂದು ವರ್ಷದಿಂದ ಅವರು ಅಲ್ಲಿ ಓದುತ್ತಿದ್ದಾರೆ. ಕೇಳುಗರ ಪಾಲಿಗೆ ಅವರು ‘ಓದಕ್ಕ’. ಕರೆ ಮಾಡಿದವರು ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಅವರ ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನಲ್ಲಿ ಬೆಳಕಿನ ಸಣ್ಣ ಕಿಂಡಿಯೊಂದು ಉಳಿದಿದೆ. ಅದು ಮುಚ್ಚದಿರಬೇಕಾದರೆ ದಿನಕ್ಕೆರಡು ಸಲ ಕಣ್ಣಿಗೆ ಔಷಧಿಯ ಹನಿ ಬೀಳಲೇಬೇಕು.

“ಅಕ್ಕಾ, ನಿಮ್ಮ ಉಪಕಾರ ಮರೆಯಲ್ಲ. ನೀವು ಹೇಳಿದ ಹಾಗೇ ಹನಿ ನಿಲ್ಲಿಸಿ ಎರಡು ದಿನ ಆಯ್ತು. ಆ ತೈಲಾನೂ ತರಿಸ್ಕೋತಾ ಇದೀನಿ.”

“ಯಾವ ಹನಿ? ಯಾವ ತೈಲ?”

“ಮೊಬೈಲಲ್ಲಿ ನೀವೇ ಹೇಳಿದ್ರಲ್ಲಕ್ಕಾ—”

“ನಾನಾ? ನಾನೇನೂ ಹೇಳಿಲ್ವಲ್ಲಪ್ಪ!”

ಆಪರೇಟರ್ ಮೆಲ್ಲಗೆ ಅಂದರು: “ನಂಗೂ ಒಂದು ಅನುಮಾನ ಇತ್ತು. ಇಷ್ಟು ವರ್ಷದಲ್ಲಿ ನೀವು ಯಾವತ್ತೂ ಒಂದು ಪದಾನ ಎರಡೆರಡು ಸಲ ಹೇಳಿದವರಲ್ಲ. ಇದರಲ್ಲಿ ಹೇಳಿದ್ರಿ. ಪಾಪ, ಅಕ್ಕಂಗೂ ವಯಸ್ಸಾಯ್ತು ಅಂತ ಸುಮ್ಮನಾದೆ.”

“ಮೊದಲು ಹನಿ ಹಾಕ್ಕೋ. ಈಗಲೇ. ನಾನು ಫೋನ್ ಹಿಡ್ಕೊಂಡೇ ಇರ್ತೀನಿ.”

ಹನಿ ಬಿದ್ದಿತೆಂದು ಖಾತ್ರಿ ಮಾಡಿಕೊಂಡು, ಅರ್ಧ ಗಂಟೆಯಲ್ಲಿ ಓದಕ್ಕ ನಮ್ಮ ಠಾಣೆಯಲ್ಲಿದ್ದರು.

ನಮ್ಮದು ಸೈಬರ್ ಅಪರಾಧಗಳ ಠಾಣೆ. ನಾನಲ್ಲಿ ರೈಟರ್, ಅಂದರೆ ಬಂದವರ ಹೇಳಿಕೆ ಬರೆದುಕೊಳ್ಳುವವನು. ಇಪ್ಪತ್ತು ವರ್ಷದಿಂದ ಜನರ ಸುಳ್ಳುಗಳನ್ನೆಲ್ಲ ಮುದ್ದಾದ ಅಕ್ಷರದಲ್ಲಿ ಬರೆದು ಬೆರಳು ಜಡ್ಡುಗಟ್ಟಿದೆ. ನಮ್ಮ ಇನ್ಸ್‌ಪೆಕ್ಟರ್ ಮೇಡಂಗೆ ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಅವರಿಗೆ ನಾನು ಚಹಾ ಬೇಕಾ ಅಂತ ಕೇಳಿದರೂ, ‘ಯಾಕೆ ಕೇಳಿದ್ರಿ?’ ಅನ್ನುತ್ತಾರೆ.

ಓದಕ್ಕ ಬಾಯಿ ತೆರೆದ ಕೂಡಲೇ ನನ್ನ ಪೆನ್ನು ನಿಂತಿತು. ಆ ದನಿ ನನಗೆ ಗೊತ್ತು! ನಮ್ಮಮ್ಮನಿಗೆ ಕೊನೆಯ ಆರು ವರ್ಷ ಕಣ್ಣು ಕಾಣುತ್ತಿರಲಿಲ್ಲ. ನಾನು ಡ್ಯೂಟಿ ಅಂತ ಹೊರಟರೆ ಮನೆಯಲ್ಲಿ ಅವಳಿಗೆ ಜೊತೆ ಈ ದನಿಯೊಂದೇ. ‘ನೀನು ಲೇಟಾಗಿ ಬಾ, ಇನ್ನೊಂದು ಅಧ್ಯಾಯ ಇದೆ’ ಎಂದು ನನ್ನನ್ನೇ ಸಾಗಹಾಕುತ್ತಿದ್ದಳು. ಮಗ ಮಾಡಬೇಕಾದದ್ದನ್ನು ಈ ಹೆಂಗಸು ಮಾಡಿದ್ದರು, ನನ್ನ ಮುಖವನ್ನೂ ನೋಡದೆ.

ಆಪರೇಟರ್ ಮೊಬೈಲಿನಿಂದ ಕಳಿಸಿದ ಆ ಸಂದೇಶವನ್ನು ಮೇಡಂ ಹಾಕಿ ಕೇಳಿಸಿದರು.

“ಪ್ರಿಯ ಕೇಳುಗರೇ, ನಾನು ನಿಮ್ಮ ಓದಕ್ಕ. ಕಣ್ಣಿನ ಹನಿಯಿಂದ ಯಾರಿಗೂ ಒಳ್ಳೆಯದಾಗಿಲ್ಲ… ಒಳ್ಳೆಯದಾಗಿಲ್ಲ. ಇಂದೇ ಅದನ್ನು ನಿಲ್ಲಿಸಿ, ಈ ತೈಲ… ತೈಲ ಹಚ್ಚಿಕೊಳ್ಳಿ.”

ಓದಕ್ಕ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. “ದನಿ ನಂದೇ. ಆದ್ರೆ ನಾನು ಹೇಳಿಲ್ಲಮ್ಮ. ಇದನ್ನ ಯಾರು ನಂಬ್ತಾರೆ?”

“ಕಾನೂನು ನಂಬುತ್ತಮ್ಮ. ಮೊದಲು ಇದನ್ನ ತೆಗೆಸೋಣ, ಆಮೇಲೆ ಉಳಿದದ್ದು,” ಅಂದರು ಮೇಡಂ.

ನಕಲಿ ದನಿ, ನಕಲಿ ಮುಖದ ವಿರುದ್ಧ ಹೊಸ ಕಾನೂನು ಬಂದು ವರ್ಷವಾಗಿತ್ತು. ಒಬ್ಬರ ದನಿ, ಮುಖ ಅವರ ಸ್ವತ್ತು. ಅವರು ಬರೆದು ಒಪ್ಪಿಗೆ ಕೊಡದೆ ಯಂತ್ರದಿಂದ ಅದರ ನಕಲು ಮಾಡಿಸುವುದು, ಮಾಡಲು ಸಾಮಗ್ರಿ ಒದಗಿಸುವುದು, ಎರಡೂ ಅಪರಾಧ. ದೂರು ಬಂದ ಒಂದು ದಿನದೊಳಗೆ ನಕಲು ಎಲ್ಲ ಕಡೆಯಿಂದ ಇಳಿಯಬೇಕು. ಠಾಣೆಗಳಿಗೆ ಕಳಿಸಿದ ಅದರ ನಲವತ್ತು ಪುಟದ ಸುತ್ತೋಲೆಯನ್ನು ಟೈಪು ಮಾಡಿದವನು ನಾನೇ. ಮಾಡುವಾಗ ಬರೆದವರಿಗೆಲ್ಲ ಮನಸಾರೆ ಶಾಪ ಹಾಕಿದ್ದೆ. ಅವತ್ತು ಸಂಜೆ ನಾಲ್ಕಕ್ಕೆ ಆ ಸಂದೇಶ ಎಲ್ಲ ಮೊಬೈಲುಗಳಿಂದ ಅಳಿದುಹೋದಾಗ ಹಾಕಿದ ಶಾಪವನ್ನೆಲ್ಲ ವಾಪಸು ತೆಗೆದುಕೊಂಡೆ.

ಆದರೆ ತೈಲ ಮಾರಿದವರ ವಿಳಾಸ ಸುಳ್ಳು. ಫೋನ್ ಬಂದ್. ದನಿ ಕದ್ದು ಕೊಟ್ಟವರು ಯಾರು?

ಓದಕ್ಕನ ಜೊತೆ ಅಂದೇ ಗ್ರಂಥಾಲಯಕ್ಕೆ ಹೋದೆವು. ಕೆಳಗೆ ಕಚೇರಿ, ಮೇಲೆ ಓದುವ ಕೋಣೆ; ಓದಕ್ಕ ನೇರ ಮೇಲೆ ಹೋದರು. ಮ್ಯಾನೇಜರ್ ಬಂದು ಹತ್ತು ತಿಂಗಳಾಗಿತ್ತು; ನೀಟಾದ ಮನುಷ್ಯ. ಮೇಜಿನ ಮೇಲೆ ಒಂದು ಧೂಳಿನ ಕಣವಿಲ್ಲ.

“ಹೇಳೋಕೆ ಬೇಜಾರು ಮೇಡಂ. ಅವರೇ ದುಡ್ಡಿನ ಆಸೆಗೆ ಹೇಳಿ, ಈಗ ಇಲ್ಲ ಅಂತಿರಬಹುದು. ದನಿ ಅವರದೇ. ಆ ಎರಡೆರಡು ಸಲ ಹೇಳೋ ಅಭ್ಯಾಸ ಕೂಡ ಅವರದೇ. ನಾಳೆ ಸಮಿತಿ ಸೇರುತ್ತೆ. ಅಷ್ಟರಲ್ಲಿ ಅವರ ತಪ್ಪಿಲ್ಲ ಅಂತ ಗೊತ್ತಾಗದೇ ಹೋದ್ರೆ ಓದೋದು ನಿಲ್ಲಿಸಬೇಕಾಗುತ್ತೆ.”

“ಅವರು ಓದೋವಾಗ ನೀವು ಹತ್ತಿರ ಕೂತು ಕೇಳಿದೀರಾ?”

“ಎಲ್ಲಿ ಮೇಡಂ! ಈ ಮಂಡಿ ಇಟ್ಕೊಂಡು ಮೆಟ್ಟಿಲು ಹತ್ತೋಕಾಗಲ್ಲ. ಮೇಲಿನ ಕೋಣೆ ನಾನು ಕಂಡೇ ಇಲ್ಲ. ಎಲ್ಲರ ಹಾಗೆ ನಾನೂ ತಯಾರಾದ ಪುಸ್ತಕ ಕೇಳಿದೀನಿ, ಅಷ್ಟೇ.”

ನಾನು ಅಕ್ಷರಕ್ಕಕ್ಷರ ಬರೆದುಕೊಂಡೆ. ಮೇಡಂ ಮೆಟ್ಟಿಲು ಹತ್ತಿದರು.

ಮೇಲೆ ಗಾಜಿನ ಗೋಡೆಯಾಚೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಮುದುಕರೊಬ್ಬರಿದ್ದರು. ಹಿಂದೆ ಟೇಪನ್ನು ನಿಜವಾದ ಕತ್ತರಿಯಿಂದಲೇ ಕತ್ತರಿಸಿ ಅಂಟಿಸುತ್ತಿದ್ದರಂತೆ. ಈಗ ಆ ಕೆಲಸ ಕಂಪ್ಯೂಟರಿನಲ್ಲಿ. ಅವರ ಹೆಸರು ಮಾತ್ರ ‘ಕತ್ತರಿ’ ಎಂದೇ ಉಳಿದಿದೆ. ನಮ್ಮನ್ನು ಕಂಡವರೇ ತಲೆ ತಗ್ಗಿಸಿದರು.

“ನಿಮ್ಮ ಕೆಲಸ ಏನು?”

“ಅಕ್ಕ ಓದಿದ್ದರಲ್ಲಿ ಬೇಡದ್ದನ್ನ ತೆಗೆಯೋದು. ಕೆಮ್ಮು, ಕುರ್ಚಿ ಸದ್ದು, ಹೊರಗಡೆ ಹಾರ್ನು…”

“ಇನ್ನೇನು?”

ಅವರು ಕಂಪ್ಯೂಟರಿನ ಕಡೆ ತಿರುಗಿಕೊಂಡರು. “ಅಷ್ಟೇ.”

ಇಪ್ಪತ್ತು ವರ್ಷದ ಅನುಭವ ನನ್ನದು. ಇವನೇ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಮೇಡಂ ಓದಕ್ಕನ ಕಡೆ ತಿರುಗಿದರು. “ಸ್ವಲ್ಪ ಓದ್ತೀರಾಮ್ಮ? ಯಾವಾಗಲಿನ ಹಾಗೇ.”

“ಈ ಸ್ಥಿತೀಲಾ?” ಎಂದರೂ ಪುಸ್ತಕ ಕೈಗೆ ಬಂದದ್ದೇ ಅವರ ಬೆನ್ನು ನೆಟ್ಟಗಾಯಿತು. ಅದು ಸಮುದ್ರದ ಬಗ್ಗೆ ಬರೆದ ಪುಸ್ತಕ. ನಾನು ಪೆನ್ನು ಕೆಳಗಿಟ್ಟೆ. ಅಮ್ಮನ ಕೋಣೆಯೇ ಕಣ್ಣ ಮುಂದೆ ಬಂತು. “…ಚಿಪ್ಪಿನೊಳಗೆ ಹೊಕ್ಕ ಒಂದು ಮರಳಿನ ಕಣ…” ಪುಟ ತಿರುವಿದರು. “…ಕಣ ವರ್ಷಗಟ್ಟಲೆ ಅಲ್ಲೇ ಉಳಿದು…”

ಮೇಡಂ ಕೈ ಎತ್ತಿದರು. “ಕಣ ಅಂತ ಎರಡು ಸಲ ಅಂದ್ರಲ್ಲ?”

“ಹೌದಾ? ಅಂದೆನಾ?” ಓದಕ್ಕ ಕತ್ತರಿಯ ಮುಖ ನೋಡಿದರು.

“ಅಂದ್ರಿ ಅಕ್ಕಾ. ಮೂವತ್ತೊಂದು ವರ್ಷದಿಂದ ಅಂತಾನೇ ಇದೀರಿ. ನಿಮಗದು ಗೊತ್ತಾಗೋದೇ ನಿಂತುಹೋಗಿದೆ.” ಮುದುಕರು ಹೆಡ್‌ಫೋನ್ ತೆಗೆದಿಟ್ಟರು. “ಪುಟ ತಿರುವೋ ಸದ್ದನ್ನ ನಾನು ಕತ್ತರಿಸಬೇಕು ಮೇಡಂ. ಹೊಲಿಗೆ ಕಾಣಬಾರದು ಅಂದ್ರೆ, ಹಳೇ ಪುಟದ ಕೊನೇ ಪದ ಹೊಸ ಪುಟದಲ್ಲೂ ಮೊದಲು ಬರಬೇಕು. ಒಂದನ್ನ ತೆಗೆದು ಒಂದನ್ನ ಉಳಿಸ್ತೀನಿ. ಮೊದಲನೇ ವಾರ ನಾನೇ ಕಲಿಸಿದ್ದು.”

“ಹಾಗಾದ್ರೆ ತಯಾರಾದ ಪುಸ್ತಕದಲ್ಲಿ—”

“ಒಂದು ಕಡೆನೂ ಸಿಗಲ್ಲ. ಸಿಕ್ಕಿದ್ರೆ ನನ್ನ ಕಿವಿ ಕತ್ತರಿಸಿಕೊಡ್ತೀನಿ.”

“ಸಂದೇಶ ಕೇಳಿದಾಗಲೇ ಅದು ಕತ್ತರಿಸದ ಓದಿನ ನಕಲು ಅಂತ ನಿಮಗೆ ಗೊತ್ತಾಯ್ತು. ಯಾಕೆ ಹೇಳ್ಲಿಲ್ಲ?”

ಅವರ ಕಣ್ಣು ತುಂಬಿತು. “ಹೆದರಿಕೆ ಆಯ್ತು. ಕತ್ತರಿಸದ ಓದು ಇರೋದು ನನ್ನೊಬ್ಬನ ಹತ್ರ. ಬಾಯಿ ಬಿಟ್ರೆ ನನ್ನ ಕುತ್ತಿಗೆಗೇ ಬರುತ್ತೆ ಅಂತ… ತಪ್ಪಾಯ್ತು ಅಕ್ಕಾ.”

“ಆ ಓದನ್ನೆಲ್ಲ ಇಟ್ಟಿದೀರಾ?”

“ಇಲ್ಲ. ಪುಸ್ತಕ ಮುಗಿದ ಕೂಡಲೇ ಅಳಿಸಿ ಇದರಲ್ಲಿ ಗುರುತು ಹಾಕ್ತೀನಿ.” ಹಳೆಯ ನೋಟ್‌ಬುಕ್ಕೊಂದನ್ನು ಮುಂದಿಟ್ಟರು. ಸಾಲುಸಾಲು ಪುಸ್ತಕಗಳ ಹೆಸರು. ಪ್ರತಿಯೊಂದರ ಮುಂದೆ ಕೆಂಪು ಗುರುತು. ಮೇಡಂ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತ ಒಂದು ಕಡೆ ನಿಂತಿತು. ಜೇನು ಸಾಕಣೆಯ ಪುಸ್ತಕ. ಅದರ ಮುಂದೆ ಗುರುತಿಲ್ಲ.

“ಇದು?”

“ಅರ್ಧ ಓದಿದಾಗ ತಿದ್ದಿದ ಹೊಸ ಪ್ರತಿ ಬಂತು. ಮತ್ತೆ ಮೊದಲಿಂದ ಓದಿದ್ವಿ. ಹಳೇ ಒಂಬತ್ತು ಗಂಟೆ ಓದು ಹಳೇ ಕಂಪ್ಯೂಟರಲ್ಲೇ ಉಳೀತು. ಅದು ಕೆಟ್ಟಿತು, ರಿಪೇರಿಗೆ ಅಂತ ಕೆಳಗೆ ಕಳಿಸಿದೆ. ಇವತ್ತಿಗೂ ವಾಪಸ್ ಬಂದಿಲ್ಲ.”

“ಕೆಳಗೆ ಅಂದ್ರೆ ಎಲ್ಲಿಗೆ?”

“ಮ್ಯಾನೇಜರ್ ಕೋಣೆಗೆ.”

ಮೇಡಂ ನನ್ನತ್ತ ತಿರುಗಿದರು. “ರೈಟರ್, ಮ್ಯಾನೇಜರ್ ಹೇಳಿಕೆ ಓದಿ.”

ಓದಿದೆ. ನಾಲ್ಕನೇ ಸಾಲಿಗೆ ಬಂದಾಗ ನನ್ನ ಮುಖಕ್ಕೆ ನಾನೇ ಬಡಿದುಕೊಳ್ಳುವ ಹಾಗಾಯಿತು. ನನ್ನದೇ ಮುದ್ದಾದ ಅಕ್ಷರ. ಬರೆಯುವಾಗ ಕೈ ಕೇಳಿಸಿಕೊಂಡಿತ್ತು, ತಲೆ ಕೇಳಿಸಿಕೊಂಡಿರಲಿಲ್ಲ.

ಎಲ್ಲರೂ ಕೆಳಗಿಳಿದೆವು. ಮ್ಯಾನೇಜರ್ ಎದ್ದು ನಿಂತರು.

“ಕೂತ್ಕೊಳ್ಳಿ,” ಅಂದರು ಮೇಡಂ. “ಓದಕ್ಕನ ಪುಸ್ತಕಗಳನ್ನ ವರ್ಷಗಟ್ಟಲೆ ಕೇಳಿದ ಆಪರೇಟರ್ ಹೇಳ್ತಾರೆ, ಅವರು ಒಂದು ಪದಾನ ಎರಡು ಸಲ ಹೇಳಿದವರೇ ಅಲ್ಲ ಅಂತ. ಅದು ಸರಿ. ನೀವು ಹೇಳ್ತೀರಿ, ಅದು ಅವರ ಅಭ್ಯಾಸ ಅಂತ. ಅದೂ ಸರಿ! ಎರಡೂ ಹೇಗೆ ಸರಿಯಾಗುತ್ತೆ?”

ಮ್ಯಾನೇಜರ್ ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಜೋಡಿಸಿಟ್ಟರು.

“ಆ ಅಭ್ಯಾಸ ಇರೋದು ಕತ್ತರಿಸದ ಓದಿನಲ್ಲಿ ಮಾತ್ರ. ಮಹಡಿ ಹತ್ತದ ನೀವು ಅದನ್ನ ಎಲ್ಲಿ ಕೇಳಿದ್ರಿ? ನಕಲು ಮಾಡಿದ ಯಂತ್ರಕ್ಕೆ ಪುಟ ಅಂದ್ರೇನು, ತಿರುವೋದು ಅಂದ್ರೇನು ಗೊತ್ತಿಲ್ಲ. ಒಂಬತ್ತು ಗಂಟೆ ಕೇಳ್ತು, ಇವರು ಮಾತಾಡೋದೇ ಹೀಗೆ ಅಂದ್ಕೊಳ್ತು. ಪುಟವೇ ಇಲ್ಲದ ಕಡೆ ಪುಟ ತಿರುವಿತು. ಜೇನು ಸಾಕಣೆ ಓದು ಯಾರಿಗೆ ಕೊಟ್ರಿ?”

ನೀಟಾದ ಮನುಷ್ಯ ಕುರ್ಚಿಯಲ್ಲಿ ಕುಸಿದರು. “ತೈಲಕ್ಕೆ ಅಂತ ಕೊಟ್ಟಿದ್ದಲ್ಲ ಮೇಡಂ! ಓದೋ ಯಂತ್ರ ಮಾಡಿಕೊಡ್ತೀವಿ, ತಿಂಗಳಿಗೆ ನೂರು ಪುಸ್ತಕ ಓದುತ್ತೆ ಅಂದ್ರು. ಅಕ್ಕಂಗೆ ವಯಸ್ಸಾಯ್ತು, ಅವರಾದ ಮೇಲೆ ಯಾರು ಅನ್ಸಿತ್ತು. ಸಂದೇಶ ಬಂದಾಗ ಗೊತ್ತಾಯ್ತು, ಮೋಸ ಹೋದೆ ಅಂತ. ಭಯ ಆಯ್ತು. ಅದಕ್ಕೇ…”

“ಅದಕ್ಕೇ ಅವರ ತಲೆಗೆ ಕಟ್ಟಿದ್ರಿ. ಆಪರೇಟರ್ ಹನಿ ನಿಲ್ಲಿಸಿದ ಎರಡು ದಿನಾನೂ ಬಾಯಿ ಮುಚ್ಕೊಂಡಿದ್ರಿ.”

ಓದಕ್ಕ ಮುಂದೆ ಬಂದರು. ಕೂಗಾಡುತ್ತಾರೆ ಅಂದುಕೊಂಡೆ. ಅವರು ಮೆಲ್ಲಗೆ ಕೇಳಿದ್ದು ಇಷ್ಟು: “ನನ್ನನ್ನ ಒಂದು ಮಾತು ಕೇಳಬಾರದಿತ್ತೇನಪ್ಪ? ಕೇಳಿದ್ರೆ ಕೊಡ್ತಿದ್ದೆನೇನೋ.”

ಮ್ಯಾನೇಜರ್ ಮುಖ ಮುಚ್ಚಿಕೊಂಡು ಅತ್ತರು. ಅವರು ಕೊಟ್ಟ ಹೆಸರುಗಳನ್ನು ಹಿಡಿದು ವಾರದೊಳಗೆ ತೈಲದವರನ್ನು ಹಿಡಿದೆವು. ಅವರ ಜೊತೆಗೇ ಮ್ಯಾನೇಜರ್ ಮೇಲೂ ಮೊಕದ್ದಮೆ ನಡೆಯುತ್ತಿದೆ. ಮರುದಿನ ಸೇರಿದ ಸಮಿತಿ ಓದಕ್ಕನ ಕ್ಷಮೆ ಕೇಳಿತು. ಆಪರೇಟರ್ ಕಣ್ಣನ್ನು ಡಾಕ್ಟರು ಪರೀಕ್ಷೆ ಮಾಡಿದರು. ಕಿಂಡಿ ತೆರೆದೇ ಇದೆ. ಇನ್ನೊಂದು ವಾರ ಬಿಟ್ಟಿದ್ದರೆ ಇರುತ್ತಿರಲಿಲ್ಲವಂತೆ.

ಕೊನೆಯದಾಗಿ ಒಂದು ಕೆಲಸ ಉಳಿದಿತ್ತು. ಕೇಳುಗರಿಗೆಲ್ಲ ನಿಜ ತಿಳಿಸುವ ಸಂದೇಶ. ಮೇಡಂ, ನಾನು, ಆಪರೇಟರ್ ಮೂವರೂ ಮಹಡಿಯಲ್ಲಿ ಉಸಿರು ಬಿಗಿಹಿಡಿದು ಕುಳಿತೆವು. ಓದಕ್ಕ ಎರಡು ಹಾಳೆ ಬರೆದುಕೊಂಡು ಬಂದಿದ್ದರು. ಹನಿ ನಿಲ್ಲಿಸಬೇಡಿ ಅಂದರು. ದೂರು ಕೊಟ್ಟರೆ ಕಾನೂನಿದೆ, ಹೆದರಬೇಡಿ ಅಂದರು. ಮೊದಲ ಹಾಳೆ ಮುಗಿಯಿತು. ಕೊನೆಯ ಪದ ಎರಡು ಸಲ ಬಂತು. ಗಾಜಿನಾಚೆ ಕತ್ತರಿ ತಲೆಯಾಡಿಸಿ ಗುರುತು ಹಾಕಿಕೊಂಡರು.

ಎರಡನೆಯ ಹಾಳೆ ಮುಗಿದರೂ ಓದಕ್ಕ ಎದ್ದಿರಲಿಲ್ಲ. ಹಾಳೆ ಕೆಳಗಿಟ್ಟು ಮಾತಾಡಿದರು.

“ನಾನು ತಪ್ಪಿಲ್ಲದೆ ಓದ್ತೀನಿ ಅಂತ ನೀವೆಲ್ಲ ಹೊಗಳ್ತೀರಿ. ನನ್ನ ತಪ್ಪನ್ನೆಲ್ಲ ಒಬ್ಬರು ಮೂವತ್ತೊಂದು ವರ್ಷದಿಂದ ಗಾಜಿನ ಹಿಂದೆ ಕೂತು ತೆಗೀತಿದಾರೆ. ಅವರು ಅಷ್ಟು ಚೊಕ್ಕವಾಗಿ ತೆಗೆದಿದ್ದಕ್ಕೇ, ನಕಲಿ ದನಿ ಬಂದಾಗ ನಿಮ್ಮಲ್ಲೊಬ್ಬರಿಗೆ ಅನುಮಾನ ಬಂತು. ಒಂದು ಕಣ್ಣು ಉಳೀತು, ನನ್ನ ಮಾನ ಉಳೀತು. ಓದಿದವಳು ನಾನು. ಕತ್ತರಿಸಿ ಕೊಟ್ಟವರು ನಮ್ಮ ಕತ್ತರಿ. ಅವರಿಗೆ ನಾನು ಋಣಿ.”

ಆಪರೇಟರ್ ಗಾಜಿನ ಕಡೆಗೆ ಅಂದಾಜಿನ ಮೇಲೆ ಕೈ ಮುಗಿದರು. ನನಗೆ ಅಮ್ಮನ ನೆನಪಾಗಿ ನಾನೂ ಮುಗಿದೆ.

ಕತ್ತರಿ ಮೂಗು ಒರೆಸಿಕೊಂಡು ಗೊಣಗಿದರು: “ಈ ಕೊನೇದು ಬೇಡ ಅಕ್ಕಾ, ಉದ್ದ ಆಯ್ತು. ತೆಗೆದುಬಿಡ್ತೀನಿ.” ಅವರ ಬೆರಳು ಕೀಲಿಯ ಮೇಲೆ ಬಂದೇಬಿಟ್ಟಿತ್ತು.

“ಕೈ ತೆಗೀರಿ,” ಅಂದರು ಮೇಡಂ. “ಅವರ ದನಿ ಅವರ ಸ್ವತ್ತು. ಅವರನ್ನ ಕೇಳಿದ್ರಾ?”

ಕತ್ತರಿ ಗಾಜಿನ ಮೂಲಕ ಓದಕ್ಕನನ್ನು ನೋಡಿದರು. ಓದಕ್ಕ ತಲೆ ಅಡ್ಡ ಅಲ್ಲಾಡಿಸಿದರು. ಮುದುಕರು ಮೊದಲ ಹಾಳೆಯ ಕೊನೆಯಲ್ಲಿ ಎರಡು ಸಲ ಬಂದ ಪದವನ್ನು ಕತ್ತರಿಸಿ, ಕೊನೆಯ ಮಾತನ್ನು ಇದ್ದ ಹಾಗೇ ಉಳಿಸಿ ಎಲ್ಲರಿಗೂ ಕಳಿಸಿದರು.