ಹನ್ನೊಂದು ದಿನದ ನೇರ ಗೆರೆ

೨೦೨೫ರ ಫೆಬ್ರುವರಿ ೯, ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.

ಆರನೆಯ ಪ್ರಶ್ನೆ ಫೋನಿನ ಪರದೆಯ ಮೇಲೆ ಮೂಡಿದಾಗ ಚುಕ್ಕಿ ನಗುತ್ತಿದ್ದಳು. ನಗು ತುಟಿಯ ಮೇಲೆ ಉಳಿಯಿತು, ಒಳಗಿನದು ಆರಿಹೋಯಿತು.

"ಹೋದ ವರ್ಷ ಆಗಸ್ಟ್ ನಾಲ್ಕರಿಂದ ಹದಿನಾಲ್ಕರವರೆಗೆ ನೀವು ಎಲ್ಲಿದ್ದಿರಿ?"

ಕೇಳಿದವನು ಬಳಗದಲ್ಲಿ ಎಲ್ಲರೂ 'ತಿದ್ದುಪಡಿ' ಎಂದು ಕರೆಯುವವನು.

ಅದು ಮನೆಯಲ್ಲಿ ವಾಯುಭಾರಮಾಪಕ ಇಟ್ಟುಕೊಂಡವರ ಬಳಗ. ಇಪ್ಪತ್ತಾರು ಜನ. ಯಾರೂ ಯಾರ ಮುಖವನ್ನೂ ನೋಡಿಲ್ಲ. ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಗಾಳಿಯ ಒತ್ತಡ ಓದಿ ಫೋನಿನಲ್ಲಿ ಹಂಚಿಕೊಳ್ಳುವುದು ಅವರ ಹುಚ್ಚು. ತಿಂಗಳ ಎರಡನೆಯ ಭಾನುವಾರ ಒಬ್ಬರು ಉತ್ತರಕ್ಕೆ ಕೂರಬೇಕು. ಉಳಿದವರು ಹತ್ತು ಖಾಸಗಿ ಪ್ರಶ್ನೆ ಕೇಳುತ್ತಾರೆ. ದಾಖಲೆ ಪುಸ್ತಕದ ನಿಯಮವೇ ಉತ್ತರಕ್ಕೂ: ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದ್ದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಎರಡೂ ಕಾಣಬೇಕು.

ಮೊದಲ ಐದು ಪ್ರಶ್ನೆ ಹಗುರವಾಗಿದ್ದವು. ಹಡಗಿನಲ್ಲಿ ದುಡಿದು ನಿವೃತ್ತನಾದ ಕಪ್ತಾನ, "ಮೂವತ್ನಾಲ್ಕು ಆಯ್ತಲ್ಲಮ್ಮ, ಮದುವೆ ಯಾವಾಗ?" ಎಂದಿದ್ದ.

"ಗಂಡು ಮೊದಲು ತನ್ನ ಮಾಪಕ ತೋರಿಸಲಿ, ಆಮೇಲೆ ಮುಖ," ಎಂದು ಬರೆದಿದ್ದಳು. ಬಳಗವೆಲ್ಲ ನಕ್ಕಿತ್ತು.

ಈಗ ಎಲ್ಲರೂ ಕಾಯುತ್ತಿದ್ದರು.

ಇವನೇ ಯಾಕೆ... ಇವನೇ ಯಾಕೆ ಕೇಳಬೇಕು?

ತಿದ್ದುಪಡಿ ಬಾಯ್ಲರ್ ಕಾರ್ಖಾನೆಯೊಂದರಲ್ಲಿ ಒತ್ತಡದ ಮೀಟರುಗಳನ್ನು ರಿಪೇರಿ ಮಾಡುವವನು. ತಿಂಗಳ ಕೊನೆಗೆ ಎಲ್ಲರ ಅಂಕಿ ತಾಳೆ ನೋಡುವುದು ಅವನ ಪಾಲಿನ ಕೆಲಸ, ಅದರಿಂದಲೇ ಆ ಅಡ್ಡಹೆಸರು. ಐದು ತಿಂಗಳಿಂದ ದಿನವೂ ಮಧ್ಯಾಹ್ನ ಒಂದೂ ಹತ್ತಕ್ಕೆ ಅವಳಿಗೆ ಫೋನ್ ಮಾಡುತ್ತಿದ್ದ. ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಅರೆಯುವ ಚಕ್ರ ನಿಲ್ಲಿಸಿ, ಒದ್ದೆ ಬೆರಳು ಒರೆಸಿಕೊಂಡು ಎತ್ತಿಕೊಳ್ಳುತ್ತಿದ್ದಳು. ಹದಿನೈದು ನಿಮಿಷ. ದಿನದಲ್ಲಿ ಅವಳು ಉಸಿರಾಡುತ್ತಿದ್ದದ್ದು ಅಷ್ಟೇ ಹೊತ್ತು.

ಆ ಹನ್ನೊಂದು ಅಂಕಿಗಳು ಸುಳ್ಳು. ಆಗಸ್ಟ್ ಮೂರರ ಅಂಕಿ ನಿಜ, ಹದಿನೈದರದು ನಿಜ. ನಡುವಿನ ಖಾಲಿಗೆ ಅವಳು ಸ್ಕೇಲ್ ಇಟ್ಟು ಗೆರೆ ಎಳೆದು, ಒತ್ತಡವನ್ನು ದಿನಕ್ಕೆ ಸಮನಾಗಿ ೦.೩ ಮಿಲಿಬಾರ್ ಇಳಿಸಿ ತುಂಬಿದ್ದಳು. ಗಾಳಿ ಎಂದೂ ಅಷ್ಟು ನೇರವಾಗಿ ಇಳಿಯುವುದಿಲ್ಲ. ಅಂಕಿ ಬಲ್ಲವನ ಕಣ್ಣಿಗೆ ಅದು ಬೀಳದೇ ಇರುತ್ತದೆಯೇ?

"ಯಾರ ಹತ್ರ ಹರಟೆ ಅದು?" ಒಳಗಿನಿಂದ ಚಿಕ್ಕಮ್ಮ ಕೇಳಿದಳು.

"ಬಳಗದವರು ಚಿಕ್ಕಮ್ಮ. ಪ್ರಶ್ನೆ ಕೇಳ್ತಿದ್ದಾರೆ."

"ನಿಮ್ಮಮ್ಮನ ವಿಷಯ ಕೇಳಿದ್ರೆ ಧೈರ್ಯವಾಗಿ ಹೇಳು. ಮಗಳ ಕೈ ಹಿಡ್ಕೊಂಡೇ ಹೋದಳು ಅಂತ. ಅಂಥ ಸಾವು ಎಷ್ಟು ಜನಕ್ಕೆ ಸಿಗತ್ತೆ?"

ಆರು ತಿಂಗಳಲ್ಲಿ ಚಿಕ್ಕಮ್ಮ ಈ ಮಾತನ್ನು ಹಾಲಿನವನಿಂದ ಹಿಡಿದು ದೂರದ ನೆಂಟರವರೆಗೆ ಎಲ್ಲರಿಗೂ ಹೇಳಿದ್ದಳು. ಪ್ರತಿಸಲವೂ ಚುಕ್ಕಿ ತಲೆಯಾಡಿಸಿದ್ದಳು.

ಅವಳ ಬೆರಳು ಉತ್ತರ ಒತ್ತಿತು. "ಮನೆಯಲ್ಲೇ ಇದ್ದೆ. ದಿನವೂ ಓದಿದ್ದೇನೆ. ಅನುಮಾನ ಇದ್ದವರಿಗೆ ನಮಸ್ಕಾರ."

ಮರುಕ್ಷಣ ಬಳಗದಿಂದ ಹೊರಬಂದಳು.

ಹನ್ನೊಂದೂವರೆಗೆ ತಿದ್ದುಪಡಿಯ ಫೋನ್ ಬಂತು.

"ಚುಕ್ಕಿ, ನಾನು..."

"ಕಳ್ಳಿ ಅಂತ ಹೇಳೋಕೆ ಇಪ್ಪತ್ನಾಲ್ಕು ಜನ ಸಾಕ್ಷಿ ಬೇಕಿತ್ತಾ?"

"ಅಂಕಿ ಏನಾಯ್ತು ಅಂತ ನಾನು ಕೇಳಲಿಲ್ಲ. ನೀವೆಲ್ಲಿದ್ದಿರಿ ಅಂತ ಕೇಳಿದೆ."

"ಎರಡೂ ಒಂದೇ. ಇನ್ನು ಫೋನ್ ಮಾಡಬೇಡಿ."

ಅವನು ಮಾಡಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು. ಒಂದೂ ಹತ್ತಕ್ಕೆ ಚಕ್ರ ತಾನಾಗಿ ನಿಲ್ಲುತ್ತಿತ್ತು, ಒದ್ದೆ ಬೆರಳು ಒಣಗುತ್ತಿತ್ತು. ಮೂರನೇ ವಾರ ಅವಳು ಮುದುಕಿಯೊಬ್ಬಳ ಕನ್ನಡಕದ ಗಾಜನ್ನು ಚೌಕಟ್ಟಿನಲ್ಲಿ ನೂರು ಡಿಗ್ರಿ ಕೋನಕ್ಕೆ ಕೂರಿಸುವ ಬದಲು ಎಂಬತ್ತಕ್ಕೆ ಕೂರಿಸಿದಳು.

"ಇದನ್ನ ಹಾಕ್ಕೊಂಡು ಆಯಮ್ಮ ಮೆಟ್ಟಿಲಿಂದ ಉರುಳಿದ್ರೆ?" ಅಂಗಡಿಯ ಯಜಮಾನಿ ಕನ್ನಡಕವನ್ನು ಮೇಜಿನ ಮೇಲಿಟ್ಟಳು. "ಹನ್ನೆರಡು ವರ್ಷದಲ್ಲಿ ಮೊದಲ ತಪ್ಪು. ಎರಡನೆಯದಕ್ಕೆ ಮುಂಚೆ ಏನಾಗಿದೆ ಅಂತ ಯಾರಿಗಾದ್ರೂ ಹೇಳು. ನನಗೇ ಹೇಳಬೇಕು ಅಂತಿಲ್ಲ."

ಮಾರ್ಚ್ ಹದಿನೇಳಕ್ಕೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಹಳೆಯ ದಾಖಲೆ ಪುಸ್ತಕದ ಪುಟವೊಂದರ ನಕಲು. ಆರು ವರ್ಷದ ಹಿಂದಿನದು. ಒಂಬತ್ತು ದಿನದ ಅಂಕಿಗಳು ಏಣಿಯ ಮೆಟ್ಟಿಲಂತೆ ಒಂದೇ ಸಮನಾಗಿ ಏರಿದ್ದವು. ಒಂಬತ್ತರ ಮೇಲೂ ಒಂದೊಂದು ಗೆರೆ. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ: "ಓದಿಲ್ಲ. ತಮ್ಮ ನೀರಿಗೆ ಹಾರಿದ. ಹಿಂದಿನ ದಿನ ಅವನ ಫೋನ್ ಎತ್ತಿರಲಿಲ್ಲ."

ಕೆಳಗೆ ಅವಳಿಗಾಗಿ ನಾಲ್ಕು ಸಾಲು.

"ಈ ಗೆರೆ ಹೊಡೆಯೋಕೆ ನನಗೆ ಆರು ವರ್ಷ ಬೇಕಾಯ್ತು, ನಿಮ್ಮನ್ನು ಕೇಳಿದ ಮಾರನೇ ದಿನ ಹೊಡೆದೆ. ನಿಮ್ಮ ಅಂಕಿ ನೋಡಿದಾಗ ಕಳ್ಳತನ ಕಾಣಲಿಲ್ಲ, ನನ್ನ ಕೈಬರಹ ಕಂಡಿತು. ತಮಾಷೆಯ ನಡುವೆ ಕೇಳಿದರೆ ಹೇಳೋದು ಸುಲಭ ಆಗಬಹುದು ಅಂದುಕೊಂಡೆ. ನನ್ನ ಲೆಕ್ಕ ತಪ್ಪಾಯ್ತು, ಕ್ಷಮಿಸಿ."

ಚುಕ್ಕಿ ಪುಟವನ್ನು ಮೂರು ಸಲ ಓದಿದಳು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಚಿಕ್ಕಮ್ಮ, ಅಮ್ಮ ಹೋದಾಗ ನಾನು ಪಕ್ಕದಲ್ಲಿ ಇರಲಿಲ್ಲ."

ಚಿಕ್ಕಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಏನು ಹುಚ್ಚು ಮಾತು?"

"ಎಂಟೂವರೆ ಆಗಿತ್ತು. ಉಸಿರು ಎಳೀತಿದ್ದಳು, ದಿನಾ ಹಾಗೇ ಎಳೀತಿದ್ದಳಲ್ಲ... ನನ್ನ ಕೈ ಹಿಡ್ಕೊಂಡು 'ಸ್ವಲ್ಪ ಇರೇ' ಅಂದಳು. ನಾಲ್ಕು ನಿಮಿಷ ಅಮ್ಮ, ಓದಿ ಬರ್ತೀನಿ ಅಂದೆ. ನಾನೇ ಬೆರಳು ಬಿಡಿಸ್ಕೊಂಡೆ. ಮುಂದಿನ ಕೋಣೆಗೆ ಹೋಗಿ ಪಾದರಸ ನೋಡಿದೆ, ಬರೆದೆ. ವಾಪಸ್ ಬಂದಾಗ ಕೈ ಹಾಸಿಗೆಯಿಂದ ಆಚೆ ಚಾಚಿಕೊಂಡೇ ಇತ್ತು."

ಚಾಕು ನಿಂತಿತು.

"ಅಂದ್ರೆ... ಒಬ್ಬಳೇ ಹೋದಳಾ ನನ್ನಕ್ಕ?"

"ಹೌದು."

ಚಿಕ್ಕಮ್ಮ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ಚುಕ್ಕಿ ಬಾಗಿಲ ಬಳಿ ಇಟ್ಟ ತಟ್ಟೆ ಹಾಗೇ ತಣ್ಣಗಾಗುತ್ತಿತ್ತು. ಮೂರನೆಯ ಬೆಳಗ್ಗೆ ಚಿಕ್ಕಮ್ಮ ಹೊರಬಂದಾಗ ಮುಖ ಊದಿತ್ತು.

"ಕ್ಷಮಿಸ್ತೀನಿ ಅಂತ ಬಾಯಿಮಾತಿಗೆ ಹೇಳೋಕೆ ನನಗೆ ಬರಲ್ಲ ಕಣೇ," ಎಂದಳು. "ಆದ್ರೆ ಎರಡು ವರ್ಷ ಅವಳ ಕಫ ಒರೆಸಿದವಳು ನೀನು. ನಾನು ಬಂದದ್ದು ಹೆಣ ನೋಡೋಕೆ. ಅನ್ನ ಹಾಕು."

ಅಂದೇ ಚುಕ್ಕಿ ಬಳಗಕ್ಕೆ ಮರಳಿದಳು. ತನ್ನ ಆರನೆಯ ಉತ್ತರಕ್ಕೆ ಗೆರೆ ಹೊಡೆದು ಪಕ್ಕದಲ್ಲಿ ಬರೆದಳು: "ಮೂರನೇ ತಾರೀಖು ಬೆಳಗ್ಗೆ ಅಮ್ಮ ಇರು ಅಂದಳು. ನಾನು ಇರಲಿಲ್ಲ, ಅಂಕಿ ಓದುತ್ತಿದ್ದೆ. ಆಮೇಲಿನ ಹನ್ನೊಂದು ದಿನ ಓದಿಲ್ಲ."

ಒಬ್ಬೊಬ್ಬರಾಗಿ ಎಲ್ಲರೂ ಓದಿದ ಗುರುತು ಮೂಡಿತು. ಕೊನೆಗೆ ಕಪ್ತಾನ ಒಂದೇ ಸಾಲು ಹಾಕಿದ. "ದಾಖಲಾಯಿತು, ಮಗಳೇ."

ಒಂದೂ ಹತ್ತಕ್ಕೆ ಅಂಗಡಿಯಲ್ಲಿ ಫೋನ್ ಹೊಡೆದುಕೊಂಡಿತು.

"ಊಟ ಆಯ್ತಾ?" ಎಂದಿತು ಆ ದನಿ.

ಅವಳು ಚಕ್ರ ನಿಲ್ಲಿಸಿ ಅತ್ತಳು. ಅಳು ಮುಗಿಯುವವರೆಗೆ ಅವನು ಫೋನ್ ಇಡಲಿಲ್ಲ.

ಏಪ್ರಿಲ್ ಆರರ ಭಾನುವಾರ ಅವನು ಮೂರು ಗಂಟೆ ಕಾಲ ರೈಲಿನಲ್ಲಿ ಕೂತು ಬಂದ. ಎತ್ತರದ ಮೈ, ತುಸು ಬಾಗಿದ ಬೆನ್ನು, ಕಿವಿಯ ಬಳಿ ನರೆ. ತೊಡೆಯ ಮೇಲೆ ಬಟ್ಟೆ ಸುತ್ತಿದ ಮರದ ಪೆಟ್ಟಿಗೆ. ಒಳಗೆ ಅವನದೇ ವಾಯುಭಾರಮಾಪಕ.

"ನಿಮ್ಮದರ ಪಕ್ಕ ಇಟ್ಟು ತಾಳೆ ನೋಡಬೇಕು," ಎಂದ. "ಆದ್ರೆ ಅರ್ಧ ಗಂಟೆ ಕಾಯಬೇಕು. ಕೋಣೆಯ ಬಿಸಿಗೆ ಇದು ಹೊಂದಿಕೊಳ್ಳಬೇಕು."

ಇಬ್ಬರೂ ಮಾಪಕ ತೂಗಿದ್ದ ಗೋಡೆಗೆ ಮುಖ ಮಾಡಿ ಕೂತರು. ಫೋನಿನಲ್ಲಿ ಅಷ್ಟು ಮಾತಾಡಿದವರಿಗೆ ಈಗ ಕೈ ಎಲ್ಲಿಡುವುದೆಂದೇ ತಿಳಿಯಲಿಲ್ಲ.

"ನನ್ನ ಜೊತೆ ಸುಖ ಕಡಿಮೆ," ಎಂದಳು ಅವಳು.

"ನನ್ನ ಹತ್ರಾನೂ ದಾಸ್ತಾನು ಇಲ್ಲ."

"ಬೆಳಗ್ಗೆ ಎಂಟೂವರೆಗೆ ನಾನು ಸರಿ ಇರಲ್ಲ. ಇದು ಹೋಗದೇ ಇರಬಹುದು."

"ಹೋಗಲ್ಲ. ನನ್ನದು ಹೋಗಿಲ್ಲ." ಅವನು ಅವಳ ಕಡೆ ತಿರುಗಿದ. "ನಿಮ್ಮ ಪಕ್ಕ ಇರ್ತೀನಿ ಅಂತ ಮಾತ್ರ ಹೇಳಬಲ್ಲೆ. ಎಂಟೂವರೆಗೆ ಅಂಕಿ ನಾನು ಓದ್ತೀನಿ, ನೀವು ಬರ್ಕೊಳ್ಳಿ. ಪ್ರೀತಿ ಅನ್ನೋ ಮಾತು ಬಾಯಿಗೆ ಬರ್ತಿಲ್ಲ ಚುಕ್ಕಿ, ಆದ್ರೆ ಇರೋದು ಅದೇ."

"ನನ್ನಲ್ಲೂ ಅದೇ... ಫೆಬ್ರುವರಿಗೂ ಮುಂಚಿನಿಂದ."

ಅವನ ಬೆರಳುಗಳು ಅವಳ ಕೈ ಹಿಡಿದವು. ಅವಳು ಬಿಡಿಸಿಕೊಳ್ಳಲಿಲ್ಲ.

"ಏನಪ್ಪಾ," ಒಳಗಿನಿಂದ ಚಿಕ್ಕಮ್ಮನ ದನಿ, "ಮದುವೆ ಆಗ್ತೀರೋ, ಪಾದರಸ ಕುಡೀತೀರೋ? ಬೇಗ ಹೇಳಿ, ಊಟ ಆರ್ತಿದೆ."

"ಐದು ನಿಮಿಷ ಚಿಕ್ಕಮ್ಮ," ಎಂದ ಅವನು.

ಇಬ್ಬರೂ ಎದ್ದು ನಿಂತರು. ಅವನು ಎರಡು ಮಾಪಕಗಳನ್ನೂ ಓದಿದ, ಅವಳು ಎರಡು ಅಂಕಿಗಳನ್ನೂ ಇದ್ದಂತೆಯೇ ಅಕ್ಕಪಕ್ಕ ಬರೆದುಕೊಂಡಳು. ವ್ಯತ್ಯಾಸ ೦.೬ ಮಿಲಿಬಾರ್.