ಎಡಚಕ್ರದ ರಬ್ಬರ್ ಕ್ಯಾಪ್

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಟೈಲರ್ ಠಾಣೆಯೊಳಗೆ ಬಂದಾಗ ಇನ್‌ಸ್ಪೆಕ್ಟರ್ ಮೇಲಧಿಕಾರಿಗೆ ಒಂದು ತಕರಾರು ಪತ್ರ ಬರೆಯುತ್ತಿದ್ದರು. ಪಕ್ಕದ ಠಾಣೆಗೆ ಹೊಸ ಜೀಪು ಮಂಜೂರಾಗಿತ್ತು. ಅಲ್ಲಿನ ಇನ್‌ಸ್ಪೆಕ್ಟರ್ ಇವರ ಜೊತೆಗೇ ತರಬೇತಿ ಮುಗಿಸಿದವನು, ಪರೇಡಿನಲ್ಲಿ ಎಡಬಲ ಗೊತ್ತಾಗದೆ ಒದ್ದಾಡುತ್ತಿದ್ದವನು. ಅವನಿಗೆ ಹೊಸದು, ತಮಗೆ ಅದೇ ಹಳೇ ಡಕೋಟ. ಹೊಟ್ಟೆಯಲ್ಲಿ ಎದ್ದ ಉರಿಯನ್ನು ಅವರು ‘ಆಡಳಿತದ ದೃಷ್ಟಿಯಿಂದ’ ಎಂಬ ಮಾತಿನೊಳಗೆ ಅಡಗಿಸಲು ಹೆಣಗುತ್ತಿದ್ದರು. ಟೈಲರ್‌ನ ಮುಖ ನೋಡಿ ಪತ್ರವನ್ನು ಡ್ರಾಯರಿಗೆ ತಳ್ಳಿದರು.

ಟೈಲರ್‌ನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅಂಗಿಯ ತೋಳಿಗೆ ರಕ್ತ ಹತ್ತಿತ್ತು.

"ಏನಾಯ್ತು?"

"ಕಾರಿನ ಬ್ರೇಕ್ ಹಿಡೀಲಿಲ್ಲ ಸಾರ್. ಎಂಟು ಗಂಟೆಗೆ ಅಂಗಡಿಗೆ ಹೊರಟಿದ್ವಿ. ಇಳಿಜಾರಲ್ಲಿ ಪೆಡಲ್ ನೆಲ ಮುಟ್ಟಿತು. ಗೋಡೆಗೆ ಗುದ್ದಿದೆ. ನನ್ನ ಹೆಂಡ್ತಿ ಬಲಗೈ ಎರಡು ಕಡೆ ಮುರಿದಿದೆ."

"ಹಳೇ ಗಾಡಿನಾ?"

"ಹದಿನಾಲ್ಕು ವರ್ಷದ್ದು. ನಾವು ತಗೊಂಡು ಹನ್ನೊಂದು ದಿನ ಆಯ್ತು. ಅಂಗಡೀಲಿ ಕಾಜ ಹಾಕೋದು, ಗುಂಡಿ ಹಚ್ಚೋದು, ಕೈಕೆಲಸ ಎಲ್ಲಾ ಅವಳದೇ ಸಾರ್. ಆ ಕೈ ಮೊದಲಿನ ಹಾಗೆ ಆಗುತ್ತೋ ಇಲ್ವೋ ಅಂತಿದ್ದಾರೆ ಡಾಕ್ಟ್ರು."

"ಯಾರ ಮೇಲೆ ಅನುಮಾನ?"

"ಗುರುವಾರ ತಾನೇ ಚಿಕ್ಕ ಮೇಸ್ತ್ರಿ ಹತ್ರ ಬ್ರೇಕ್ ಕೆಲಸ ಮಾಡ್ಸಿದ್ದೆ."

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಊರಿನಲ್ಲಿ ಮೇಸ್ತ್ರಿಗಳು ಇಬ್ಬರು. ದೊಡ್ಡ ಮೇಸ್ತ್ರಿಯದು ಮೂವತ್ತು ವರ್ಷದ ಗ್ಯಾರೇಜು. ಹಳೇ ಗಾಡಿಯ ಕಾಯಿಲೆಯನ್ನು ಸದ್ದಿನಲ್ಲೇ ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಅವನ ಕೈಕೆಳಗೆ ಹನ್ನೆರಡು ವರ್ಷ ಪಳಗಿ, ಹೋದ ವರ್ಷ ಎದುರು ಸಾಲಿನಲ್ಲೇ ಸ್ವಂತ ಶೆಡ್ಡು ಹಾಕಿದವನು ಚಿಕ್ಕ ಮೇಸ್ತ್ರಿ. ಇಬ್ಬರ ನಡುವೆ ಇರುವುದು ಒಂದು ರಸ್ತೆ ಮಾತ್ರ. ಆದರೆ ವರ್ಷದಿಂದ ಅದನ್ನು ಇಬ್ಬರೂ ದಾಟಿರಲಿಲ್ಲ.

ಇಲಾಖೆಯ ವಾಹನ ಪರೀಕ್ಷಕರು ರಜೆಯಲ್ಲಿದ್ದುದರಿಂದ ಇನ್‌ಸ್ಪೆಕ್ಟರ್ ಎಂದಿನಂತೆ ದೊಡ್ಡ ಮೇಸ್ತ್ರಿಗೇ ಹೇಳಿ ಕಳಿಸಿದರು. ಠಾಣೆಯ ಡಕೋಟವನ್ನು ಇಷ್ಟು ವರ್ಷ ಜೀವಂತ ಇಟ್ಟಿದ್ದವನೂ ಅವನೇ. ಹನ್ನೊಂದು ನಲವತ್ತಕ್ಕೆ ಇಬ್ಬರು ಪಂಚರ ಸಮಕ್ಷಮದಲ್ಲಿ ಪಂಚನಾಮೆ ಶುರುವಾಯಿತು.

ಬರೆಯಲು ಕುಳಿತವನು ರೈಟರ್. ಅವನು ಕಂಡದ್ದನ್ನೆಲ್ಲ ಬರೆಯುವ ಪೈಕಿ. ಒಮ್ಮೆ ಕಳ್ಳತನದ ಪಂಚನಾಮೆಯಲ್ಲಿ ಮನೆಯ ಬೆಕ್ಕಿನ ಬಣ್ಣವನ್ನೂ ನಮೂದಿಸಿ ನ್ಯಾಯಾಧೀಶರನ್ನು ನಗಿಸಿದ್ದ.

ದೊಡ್ಡ ಮೇಸ್ತ್ರಿ ಗೋಣಿಚೀಲ ಹಾಸಿ ಕಾರಿನಡಿ ನುಗ್ಗಿದ. ಮುಂದಿನ ಎಡಚಕ್ರದ ಒಳಬದಿ ಬ್ರೇಕ್ ಆಯಿಲಿನಿಂದ ತೊಯ್ದಿತ್ತು. ಬ್ರೇಕ್ ಪೈಪಿನ ಗಾಳಿ ತೆಗೆಯಲು ಪ್ರತಿ ಚಕ್ರದ ಹಿಂದೆ ಕಿರುಬೆರಳ ತುದಿಗಿಂತ ಸಣ್ಣ ನಿಪ್ಪಲ್ ಇರುತ್ತದೆ. ಅದರ ಮೇಲಿದ್ದ ರಬ್ಬರ್ ಕ್ಯಾಪ್ ಕಿತ್ತು ಸ್ಪ್ಯಾನರ್ ಹಾಕಿದ.

"ಕಾಲು ಸುತ್ತು ಸಡಿಲ ಇದೆ ಸಾರ್. ತುಳಿದಾಗಲೆಲ್ಲ ಆಯಿಲ್ ಹೋಗಿದೆ. ಕೆಲಸ ಬರದಿದ್ದವರಿಗೆಲ್ಲ ಗಾಡಿ ಕೊಟ್ರೆ ಹೀಗೇ ಆಗೋದು."

ರೈಟರ್ ಬಗ್ಗಿ ಬಗ್ಗಿ ನೋಡಿ ಬರೆದುಕೊಂಡ: ಎಡ ಮುಂಚಕ್ರದ ನಿಪ್ಪಲಿಗೆ ರಬ್ಬರ್ ಕ್ಯಾಪ್ ಇದೆ, ಉಳಿದ ಮೂರಕ್ಕೆ ಇಲ್ಲ.

"ಅದನ್ನೆಲ್ಲ ಯಾಕೆ ಬರೀತೀರಿ? ಮುಖ್ಯವಾದ್ದು ಬರೀರಿ" ಎಂದ ದೊಡ್ಡ ಮೇಸ್ತ್ರಿ.

ಅವನು ಎದ್ದು ಟೈಲರ್ ಕಡೆ ತಿರುಗಿದ. "ಮೀಟರ್ ಹತ್ರ ಕೆಂಪು ಲೈಟ್ ಬರಲಿಲ್ವಾ? ಆಯಿಲ್ ಕಮ್ಮಿ ಆದ್ರೆ ಬರುತ್ತಲ್ಲ?"

"ಯಾವ ಲೈಟು? ನಾನು ತಗೊಂಡಾಗಿಂದ ಒಂದು ದಿನವೂ ಬಂದಿಲ್ಲ."

ದೊಡ್ಡ ಮೇಸ್ತ್ರಿ ಒಳಗೆ ಕೂತು ಮೀಟರಿನ ಹಿಂದೆ ಕೈ ಹಾಕಿದ. ಬಲ್ಬು ಇರಬೇಕಾದ ಜಾಗ ಖಾಲಿ. ಆಮೇಲೆ ಸ್ವಲ್ಪ ಹೊತ್ತು ಅವನು ಆ ಸೀಟಿನಿಂದ ಏಳಲೇ ಇಲ್ಲ. ಬಿಸಿಲಿಗೆ ಸುಸ್ತಾಗಿದ್ದಾನೆಂದು ಇನ್‌ಸ್ಪೆಕ್ಟರ್ ಅಂದುಕೊಂಡರು. ಕ್ಯಾಪ್ ಕಾಗದದ ಪೊಟ್ಟಣ ಸೇರಿತು.

ಮಧ್ಯಾಹ್ನ ಎರಡಕ್ಕೆ ಚಿಕ್ಕ ಮೇಸ್ತ್ರಿಯನ್ನು ಕರೆತಂದರು. ಅಷ್ಟರಲ್ಲಿ ಸುದ್ದಿ ಊರು ತುಂಬಿ, ಅರ್ಧ ಬಿಚ್ಚಿದ ತಮ್ಮ ಗಾಡಿಗಳನ್ನು ಜನ ಶೆಡ್ಡಿನಿಂದ ತಳ್ಳಿಕೊಂಡು ಹೋಗುತ್ತಿದ್ದರು.

"ಗುರುವಾರ ಏನು ಕೆಲಸ ಮಾಡಿದೆ?"

"ಪ್ಯಾಡ್ ಬದಲಾಯ್ಸಿದೆ. ಆಯಿಲ್ ಬದಲಾಯ್ಸಿ ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆದೆ."

"ನಿಪ್ಪಲ್ ಬಿಗಿ ಮಾಡೋದು ಮರೆತೆ."

"ಇಲ್ಲ ಸಾರ್. ಹನ್ನೆರಡು ವರ್ಷ ಬೈಸಿಕೊಂಡು ಕಲಿತ ಕೈ ಇದು."

"ಆದ್ರೆ ಒಂದಕ್ಕೆ ಮಾತ್ರ ಕ್ಯಾಪ್ ಹಾಕಿದೀಯ."

ಚಿಕ್ಕ ಮೇಸ್ತ್ರಿ ತಲೆ ಎತ್ತಿದ. "ನಾನು ಯಾವುದಕ್ಕೂ ಹಾಕಿಲ್ಲ. ಹಳೇವು ನಾಲ್ಕೂ ಒಣಗಿ ಬಿರುಕು ಬಿಟ್ಟಿತ್ತು, ಕಿತ್ತು ಬಿಸಾಕ್ದೆ. ಹೊಸವು ಬಂದಿಲ್ಲ, ಈ ವಾರ ಹಾಕ್ತೀನಿ ಅಂತ ಟೈಲರ್‌ಗೂ ಹೇಳಿದ್ದೆ."

ಇನ್‌ಸ್ಪೆಕ್ಟರ್ ಪೊಟ್ಟಣ ಬಿಡಿಸಿ ಮೇಜಿನ ಮೇಲಿಟ್ಟರು. ಅಂಗಡಿಯಲ್ಲಿ ಕೊಂಡ ಕ್ಯಾಪ್ ಅಲ್ಲ ಅದು. ಸೈಕಲ್ ಟ್ಯೂಬಿನ ವಾಲ್ವಿಗೆ ಹಾಕುವ ಸಪೂರ ರಬ್ಬರಿನ ತುಂಡು, ಒಂದು ತುದಿ ಮಡಚಿ ಮೇಣ ಹಚ್ಚಿದ ದಾರದಿಂದ ಮೂರು ಸುತ್ತು ಬಿಗಿಯಲಾಗಿತ್ತು.

ಚಿಕ್ಕ ಮೇಸ್ತ್ರಿ ಅದನ್ನು ನೋಡಿದ. ಮುಖದ ರಕ್ತ ಇಳಿದುಹೋಯಿತು.

"ಇದು ಯಾರ ಕೆಲಸ?"

"ಗೊತ್ತಿಲ್ಲ ಸಾರ್."

"ನೋಡಿದ ಕೂಡಲೇ ಗೊತ್ತಾದ ಹಾಗಿತ್ತು."

"ಗೊತ್ತಿಲ್ಲ."

"ಹೇಳದಿದ್ರೆ ಒಳಗೆ ಹೋಗೋದು ನೀನೇ. ಅಂಗಡಿ ಕತೆ ಮುಗೀತು."

"ಆಗ್ಲಿ ಸಾರ್."

ಇಷ್ಟು ಹೊತ್ತು ನೆಟ್ಟ ನೋಟದಲ್ಲಿ ಮಾತಾಡಿದವನು ಈಗ ನೆಲ ನೋಡುತ್ತಿದ್ದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ತನ್ನನ್ನೇ ಬಲಿ ಕೊಟ್ಟು ಯಾರನ್ನು ಕಾಯುತ್ತಿದ್ದಾನೆ ಎಂದು ಯೋಚಿಸುತ್ತ ಹೊರಗೆ ಬಂದವರು, ಆವರಣದಲ್ಲಿ ನಿಂತಿದ್ದ ಡಕೋಟವನ್ನು ನೋಡಿ ನಿಂತರು. ಆಮೇಲೆ ಟೋಪಿ ರೈಟರ್ ಕೈಗೆ ಕೊಟ್ಟು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಮಣ್ಣಿಗೆ ಮಂಡಿಯೂರಿ ಚಕ್ರದ ಹಿಂದೆ ತಲೆ ತೂರಿಸಿದರು.

ಸಪೂರ ರಬ್ಬರು, ಮಡಚಿದ ತುದಿ, ಮೇಣದ ದಾರ, ಮೂರು ಸುತ್ತು. ನಾಲ್ಕೂ ಚಕ್ರಕ್ಕೆ.

"ಸಾರ್, ಇದನ್ನೂ ಪಂಚನಾಮೆ ಮಾಡ್ಬೇಕಾ?" ರೈಟರ್ ಗಾಬರಿಯಾಗಿ ಕೇಳಿದ. "ನಮ್ಮ ಜೀಪಿಗೇ?"

"ಮಾಡಿ. ಬೆಕ್ಕು ಕಂಡ್ರೂ ಬರೀರಿ."

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯಲ್ಲಿ ಟೈಲರ್‌ನ ಹೆಂಡತಿಯ ಹೇಳಿಕೆ ಪಡೆದರು. ಬಲಗೈ ಭುಜದವರೆಗೆ ಬ್ಯಾಂಡೇಜಿನಲ್ಲಿತ್ತು. ಹೊರಗೆ ಚಾಚಿದ್ದ ಬೆರಳ ತುದಿಗಳನ್ನು ಅವಳು ಅಲ್ಲಾಡಿಸಲು ನೋಡುತ್ತಿದ್ದಳು. ಅವು ಅಲ್ಲಾಡುತ್ತಿರಲಿಲ್ಲ.

"ಗುರುವಾರದಿಂದ ಈಚೆಗೆ ಗಾಡಿ ಹತ್ರ ಯಾರಾದ್ರೂ ಬಂದಿದ್ರಾ ಅಮ್ಮ?"

"ಯಾರೂ ಇಲ್ಲ ಸಾರ್. ಶನಿವಾರ ನಾಲ್ಕು ಗಂಟೆಗೆ ದೊಡ್ಡ ಮೇಸ್ತ್ರಿ ಬಂದಿದ್ರು ಅಷ್ಟೆ, ಅವರೇನು ಬೇರೆಯವ್ರಾ? ಮೊದಲು ಈ ಗಾಡಿ ಡಾಕ್ಟ್ರಮ್ಮನ ಹತ್ರ ಇದ್ದಾಗ ಹದಿನಾಲ್ಕು ವರ್ಷ ಅವರೇ ನೋಡ್ಕೊಂಡಿದ್ದಂತೆ. ಚಕ್ರದ ಹತ್ರ ಕೂತಿದ್ರು. ಸಾಕಿದ ಗಾಡಿ, ಪ್ರೀತಿ ಇರಲ್ವಾ ಅಂದ್ಕೊಂಡು ಕೈ ತೊಳೆಯೋಕೆ ನೀರು, ಸೋಪು ಕೊಟ್ಟೆ. ಕುಡಿಯೋಕೂ ಕೊಟ್ಟೆ."

"ಏನಾದ್ರೂ ಹೇಳಿದ್ರಾ?"

"‘ಚೆನ್ನಾಗಿ ನೋಡ್ಕೊಳ್ಳಮ್ಮ’ ಅಂದ್ರು."

ರೈಟರ್ ಬರೆಯುವುದನ್ನು ನಿಲ್ಲಿಸಿದ. ಅವನು ಹಾಗೆ ನಿಲ್ಲಿಸಿದ್ದನ್ನು ಇನ್‌ಸ್ಪೆಕ್ಟರ್ ಹಿಂದೆಂದೂ ಕಂಡಿರಲಿಲ್ಲ.

ಕಾರು ಮಾರಿದ ಡೀಲರ್ ಹನ್ನೆರಡೂವರೆಗೆ ಒಪ್ಪಿಕೊಂಡ. ಆಯಿಲಿನ ಕೆಂಪು ಲೈಟು ಆಗಾಗ ಮಿನುಗುತ್ತಿತ್ತು. ಗಿರಾಕಿ ಹೆದರುತ್ತಾನೆಂದು ಬಲ್ಬನ್ನೇ ಕಿತ್ತು ಎಸೆದಿದ್ದ. "ಎಲ್ಲರೂ ಮಾಡ್ತಾರೆ ಸಾರ್" ಎಂದ ಇಂಗು ತಿಂದ ಮಂಗನ ಮುಖ ಮಾಡಿಕೊಂಡು. ಪ್ರಕರಣಕ್ಕೆ ಅವನ ಹೆಸರೂ ಸೇರಿತು.

ಮೂರು ಗಂಟೆ ಹತ್ತು ನಿಮಿಷಕ್ಕೆ ಇನ್‌ಸ್ಪೆಕ್ಟರ್ ದೊಡ್ಡ ಮೇಸ್ತ್ರಿಯ ಗ್ಯಾರೇಜಿಗೆ ಹೋದರು. ಸ್ಪ್ಯಾನರುಗಳು ಗೋಡೆಯ ಮೇಲೆ ಅಳತೆಯ ಪ್ರಕಾರ ಸಾಲಾಗಿ ನೇತಾಡುತ್ತಿದ್ದವು. ಇಲ್ಲಿ ಕೂತರೆ ಎದುರಿನ ಶೆಡ್ಡು ನೇರ ಕಣ್ಣಿಗೆ ಬೀಳುತ್ತದೆ ಎಂಬುದು ಅವರಿಗೆ ಇವತ್ತೇ ಗಮನಕ್ಕೆ ಬಂತು. ಮೇಜಿನ ಮೇಲೆ ದಾರದ ಉಂಡೆ, ಮೇಣದ ತುಂಡು, ಕತ್ತರಿಸಿದ ರಬ್ಬರು ಇದ್ದವು. ಅವರು ಕ್ಯಾಪನ್ನು ಅವುಗಳ ಪಕ್ಕ ಇಟ್ಟರು.

"ಸಡಿಲ ಮಾಡಿದ್ರಿ. ಸರಿ. ಮತ್ತೆ ಕ್ಯಾಪ್ ಯಾಕೆ ಹಾಕಿದ್ರಿ ಮೇಸ್ತ್ರಿ?"

ದೊಡ್ಡ ಮೇಸ್ತ್ರಿ ಅದನ್ನು ಎತ್ತಿಕೊಂಡು ದಾರದ ಗಂಟು ಸವರಿದ. "ಬರೀ ನಿಪ್ಪಲ್ ಬಿಟ್ಟು ಏಳೋಕೆ ಆಗಲಿಲ್ಲ ಸಾರ್. ಧೂಳು ಹೋಗುತ್ತೆ."

"ಯಾರನ್ನಾದ್ರೂ ಸಾಯಿಸ್ಬೇಕು ಅಂತಿತ್ತಾ?"

"ಅಯ್ಯೋ, ಇಲ್ಲ. ಒಂದು ದಿನದಲ್ಲಿ ಕೆಂಪು ಲೈಟ್ ಬರುತ್ತೆ, ಟೈಲರ್ ಹೆದರಿ ನನ್ನ ಹತ್ರ ಬರ್ತಾನೆ, ಎದುರಿನವನ ಕೆಲಸ ನೋಡು ಅಂತ ನಾಲ್ಕು ಜನರ ಮುಂದೆ ತೋರಿಸ್ಬೇಕು ಅಂತಿದ್ದೆ. ಬಲ್ಬ್ ಇಲ್ಲ ಅಂತ ಗೊತ್ತಿರಲಿಲ್ಲ."

"ಅವನು ಏನು ಮಾಡಿದ್ದ ನಿಮಗೆ?"

"ಏನೂ ಮಾಡಿಲ್ಲ. ಬೈಯೋಕೂ ಒಂದು ತಪ್ಪು ಸಿಗ್ತಿರಲಿಲ್ಲ, ಅದನ್ನೇ ತಡೆಯೋಕೆ ಆಗಲಿಲ್ಲ." ಎದುರಿನ ಶೆಡ್ಡಿನತ್ತ ಕೈ ತೋರಿಸಿದ. "ಇಲ್ಲಿ ಕೂತು ದಿನಾ ನೋಡ್ತಿದ್ದೆ. ನನ್ನ ಗಿರಾಕಿಗಳು ಒಬ್ಬೊಬ್ಬರೇ ಆ ಕಡೆ ತಿರುಗ್ತಿದ್ರು. ಎಷ್ಟಾದ್ರೂ ಹೋಗ್ಲಿ ಅಂತಿದ್ದೆ. ಗುರುವಾರ ಈ ಗಾಡಿ ಹೋಯ್ತು. ಡಾಕ್ಟ್ರಮ್ಮ ಮಾರೋವಾಗ ನಂಗೊಂದು ಮಾತು ಹೇಳಲಿಲ್ಲ. ಹೇಳಿದ್ರೆ ನಾನೇ ತಗೋತಿದ್ದೆ. ಅವನು ನನ್ನ ನಾಲ್ಕು ಕ್ಯಾಪನ್ನೂ ಕಿತ್ತು ರಸ್ತೆಗೆ ಎಸೆದ. ಹೊಟ್ಟೆಗೆ ಬೆಂಕಿ ಬಿತ್ತು ಸಾರ್."

ಮೂರು ನಲವತ್ತಕ್ಕೆ ಬಂಧನ ದಾಖಲಾಯಿತು. ಸಹಿ ಮಾಡಿದ ಮೇಲೆ ಪೆನ್ನು ಹಿಂದಿರುಗಿಸದೆ ದೊಡ್ಡ ಮೇಸ್ತ್ರಿ ಹೇಳಿದ:

"ನನ್ನ ಹೆಸರು ಅವನೇ ಹೇಳಿರಬೇಕು. ಕ್ಯಾಪ್ ಕಟ್ಟೋದು ಅವನಿಗೂ ಗೊತ್ತು. ನಾನೇ ಕಲಿಸಿದ್ದು."

"ಇಲ್ಲ" ಎಂದರು ಇನ್‌ಸ್ಪೆಕ್ಟರ್. "ನೋಡಿದ ಕೂಡಲೇ ಗುರುತು ಹಿಡಿದ. ಎಷ್ಟು ಕೇಳಿದ್ರೂ ಹೇಳಲಿಲ್ಲ. ನಿಮ್ಮ ಬದಲು ಒಳಗೆ ಹೋಗೋಕೆ ತಯಾರಿದ್ದ."

ದೊಡ್ಡ ಮೇಸ್ತ್ರಿ ಗ್ರೀಸು ಮೆತ್ತಿದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ರಸ್ತೆಯಾಚೆ, ಖಾಲಿ ಶೆಡ್ಡಿನ ಮುಂದೆ ಆಗಷ್ಟೇ ಬಿಡುಗಡೆಯಾಗಿ ಬಂದ ಚಿಕ್ಕ ಮೇಸ್ತ್ರಿ ನಿಂತಿದ್ದ. ಜೀಪು ಹೊರಡುವ ಹೊತ್ತಿಗೆ ಅವನು ರಸ್ತೆ ದಾಟಿ ಬಂದು, ಗುರುವಿನ ಗ್ಯಾರೇಜಿನ ಬಾಗಿಲು ಎಳೆದು ಬೀಗ ಹಾಕಿ ಕೀಲಿಯನ್ನು ಜೇಬಿಗಿಟ್ಟುಕೊಂಡ.

ಠಾಣೆಗೆ ಮರಳಿದ ಇನ್‌ಸ್ಪೆಕ್ಟರ್ ಡ್ರಾಯರಿನ ಪತ್ರ ತೆಗೆದು ಒಮ್ಮೆ ಓದಿದರು. ಓದಲು ನಾಚಿಕೆಯಾಯಿತು. ಹರಿದು ಬುಟ್ಟಿಗೆ ಹಾಕಿ, ಟೈಲರ್‌ನ ಹೆಂಡತಿಯ ಕೈ ಹೇಗಿದೆ ಎಂದು ಕೇಳಲು ಆಸ್ಪತ್ರೆಗೆ ಫೋನ್ ಮಾಡಿದರು.