ಹೆಸರು ಅಳಿಸಿದ ಬಣ್ಣಗಳು

ಮಂಗಳವಾರ ಬೆಳಿಗ್ಗೆ ಏಳಕ್ಕೆ ಪ್ರಾಜಕ್ತಾ ಡಿಸೈನ್ ಕೋಣೆಯ ಬೀಗ ತೆಗೆದಳು. ಮೇಜಿನ ಮೇಲೆ ಮಾನಿಟರ್ ಇತ್ತು. ಕೀಬೋರ್ಡ್ ಇತ್ತು. ಕೆಳಗೆ ಕಂಪ್ಯೂಟರಿನ ಡಬ್ಬಿ ಮಾತ್ರ ಇರಲಿಲ್ಲ.

ಅವಳು ಕೂಗಾಡಲಿಲ್ಲ. ಗೇಟಿಗೆ ಹೋಗಿ ವಾಚಮನ್ ಧೋಂಡಿಬಾನನ್ನು ಕರೆತಂದಳು. ಧೋಂಡಿಬಾ ಮೇಜಿನ ಕೆಳಗೆ ಬಗ್ಗಿ ನೋಡಿದ. ಆಮೇಲೆ ಮಾಲೀಕರಿಗೆ ಫೋನ್ ಹಚ್ಚಿದ.

ಒಂಬತ್ತಕ್ಕೆ ಪಿಎಸ್‌ಐ ಸುವರ್ಣಾ ಚೌಗುಲೆ ಬಂದಳು. ಇಚಲಕರಂಜಿಯ ಆ ಕಾರಖಾನೆಯಲ್ಲಿ ನಲವತ್ತು ಮಗ್ಗಗಳು ಎಂದಿನಂತೆ ಬಡಿದುಕೊಳ್ಳುತ್ತಿದ್ದವು. ಮಾಲೀಕ ಕುಂಥುನಾಥ ಮಗದುಮ್ಮರು ಆಗಲೇ, ತಮ್ಮ ಲೆಕ್ಕದಲ್ಲಿ, ಕಳ್ಳಿಯನ್ನು ಹಿಡಿದಾಗಿತ್ತು.

"ಈ ಹುಡುಗೀನ ರೀ. ಕಂಪ್ಯೂಟರ ತಗದು ನೋಡಸ್ತೀನಿ ಅಂತ ನಿನ್ನೆ ಸಂಜೀಕ ಹೇಳೇನಿ. ಇವತ್ತ ಮುಂಜಾನೆ ಅದ ಇಲ್ಲ. ಇದಕ್ಕ ಪೊಲೀಸ್ರು ಬೇಕೇನ್ರಿ?"

"ಬ್ಯಾಡಾಗಿದ್ರ ನನ್ನ ಯಾಕ ಕರಸೀರಿ?" ಎಂದಳು ಸುವರ್ಣಾ.

ಕುಂಥುನಾಥರು ಒಂದು ಸೀರೆ ತಂದು ಮೇಜಿನ ಮೇಲೆ ಹರವಿದರು. ಮದುವೆಗೆಂದು ನೇಯಿಸಿದ ಒಂಬತ್ತು ಗಜದ ಸೀರೆ. ಅಂಚಿನ ತುಂಬ ಮಾವಿನ ಎಲೆಗಳ ಸಾಲು. ಹಸಿರಾಗಿರಬೇಕಾದ ಎಲೆಗಳು ಇಟ್ಟಿಗೆಯ ಕೆಂಪು, ಇಟ್ಟಂಗಿ ಬಣ್ಣಕ್ಕಿದ್ದವು.

ಅರವತ್ತು ಸೀರೆ ಹೀಗೇ ಬಂದಿದ್ದವು. ವ್ಯಾಪಾರಿ ಎಲ್ಲವನ್ನೂ ತಿರುಗಿ ಕಳಿಸಿದ್ದ. ಮಗ್ಗದವರು ಹೊಸ ಫ್ಯಾಶನ್ ಇರಬೇಕೆಂದು ಸುಮ್ಮನೆ ನೇಯ್ದಿದ್ದರು. ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಮೇಲೆ ಒಂದು ಚೀಟಿ ಅಚ್ಚಾಗಿ ಬರುತ್ತದೆ; ಉಗ್ರಾಣದವನು ಅದನ್ನು ನೋಡಿ ನೂಲು ಕೊಡುತ್ತಾನೆ. ಚೀಟಿಯಲ್ಲೇ ಇಟ್ಟಂಗಿ ಬಣ್ಣ ಇತ್ತು.

ಆ ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಕೆಲಸ ಮಾಡುತ್ತಿದ್ದರು. ಬೆಳಿಗ್ಗೆಯಿಂದ ಎರಡರವರೆಗೆ ಪ್ರಾಜಕ್ತಾ. ಎರಡರಿಂದ ಎಂಟರವರೆಗೆ ಬಸವಂತ ಮಾಸ್ತರ. ಮಾಸ್ತರ ಇಪ್ಪತ್ತೆರಡು ವರ್ಷದ ಹಳಬರು. ಪ್ರಾಜಕ್ತಾ ಬಂದು ಎಂಟು ತಿಂಗಳು. ಯಾವ ಬಣ್ಣವನ್ನು ಎಷ್ಟು ಗಂಟೆಗೆ ತುಂಬಿದ್ದು ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಈ ಮಂಗಳವಾರ ಕೋಲ್ಹಾಪುರದಿಂದ ಸಾಫ್ಟ್‌ವೇರ್ ಕಂಪನಿಯವರು ಬಂದು ಅದನ್ನು ನೋಡುವುದೆಂದು ಕುಂಥುನಾಥರು ಗೊತ್ತುಮಾಡಿದ್ದರು. ಕೋಣೆಗೆ ಎರಡೇ ಬೀಗದಕೈ: ಅವಳದೊಂದು, ಮಾಸ್ತರರದೊಂದು.

"ಅಂಚಿನ ಬಣ್ಣ ನಾ ತುಂಬಿಲ್ರಿ," ಎಂದಳು ಪ್ರಾಜಕ್ತಾ. "ಚಿತ್ರ ನಂದು. ಸೀರಿ ಮೈ ಬಣ್ಣ ನಂದು. ಅಂಚ ಮಾಸ್ತರ ಕಾಕಾಗ ಬಿಟ್ಟ ಹೋಗಿದ್ನಿ."

"ಕೇಳಿದ್ರಿಲ್ಲೋ ಮೇಡಂ? ಮಾಸ್ತರ ಮ್ಯಾಲ ಹಾಕಾಕತ್ತಾಳ," ಎಂದರು ಕುಂಥುನಾಥ. "ಇಪ್ಪತ್ತೆರಡ ವರ್ಷದಾಗ ಅವರ ಬಣ್ಣ ಒಂದರ ತಪ್ಪೇತೇನು ಕೇಳ್ರಿ ಯಾರನರ."

ಬಸವಂತ ಮಾಸ್ತರ ಬಾಗಿಲ ಹತ್ತಿರ ನಿಂತಿದ್ದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಂಚಿನ ಬಣ್ಣ ತುಂಬಿದ್ದು ಯಾರೆಂದು ಸುವರ್ಣಾ ಮಾಸ್ತರರನ್ನೇ ಕೇಳಿದಳು. ಅವರು ಸೀರೆಯನ್ನು ನೋಡುತ್ತಲೇ, ಸರಿಯಾಗಿ ನೆನಪಿಲ್ಲ ಎಂದರು.

ಪ್ರಾಜಕ್ತಾಳ ತಂದೆ ಯಲ್ಲೇಶ ಅದೇ ಶೆಡ್ಡಿನಲ್ಲಿ ಹನ್ನೊಂದನೇ ಮಗ್ಗದವನು. ಹತ್ತು ಗಂಟೆಯ ಚಹಾಕ್ಕೆ ಅವನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಮಗ್ಗದ ಮನೆಗಳಿಂದ ಬಂದ ಹುಡುಗಿಯರಲ್ಲಿ ಡಿಸೈನ್ ಕೋಣೆಯ ಕುರ್ಚಿಗೆ ಏರಿದವಳು ಅವನ ಮಗಳೊಬ್ಬಳೇ. ಕಳವಿನ ಹೆಸರು ಹತ್ತಿದರೆ ಈ ಊರಿನ ಯಾವ ಡಿಸೈನ್ ಕೋಣೆಯೂ ಅವಳಿಗೆ ಬಾಗಿಲು ತೆರೆಯುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಸುವರ್ಣಾಳಿಗೂ ಗೊತ್ತಿತ್ತು.

* * *

ಸುವರ್ಣಾ ಮೇಜಿನ ಕೆಳಗೆ ಕೂತು ನೋಡಿದಳು. ಡಬ್ಬಿಗೆ ಹೋಗುವ ವಾಯರುಗಳನ್ನು ಒಂದೊಂದಾಗಿ ಬಿಚ್ಚಿ, ಸುರುಳಿ ಸುತ್ತಿ, ನೂಲಿನಿಂದ ಕಟ್ಟಿ ಇಟ್ಟಿದ್ದರು. ಕಳ್ಳ ವಾಯರು ಎಳೆಯುತ್ತಾನೆ, ಇಲ್ಲವೇ ಕತ್ತರಿಸುತ್ತಾನೆ. ಮತ್ತೆ ಜೋಡಿಸುವ ವಿಚಾರ ಇದ್ದವರು ಮಾತ್ರ ಹೀಗೆ ಕಟ್ಟಿಡುತ್ತಾರೆ.

ಧೋಂಡಿಬಾ ನೇಸರಿ ಊರಿನವನು. ಮೊದಲು ಕುರಿ ಕಾಯುತ್ತಿದ್ದ. ಗೇಟಿನಲ್ಲಿ ಯಾರು ಹೋದರು, ಕೈಯಲ್ಲಿ ಏನಿತ್ತು, ಎಲ್ಲವನ್ನೂ ಬೆರಳು ಮಡಚಿ ಹೇಳಿದ. ಪ್ರಾಜಕ್ತಾ ಎರಡಕ್ಕೆ ಊಟದ ಡಬ್ಬಿಯೊಂದಿಗೆ ಹೋಗಿದ್ದಳು. ಮಾಸ್ತರ ಎಂಟಕ್ಕೆ ಬರಿಗೈಯಲ್ಲಿ ಹೋಗಿದ್ದರು. ಹೊರಗೆ ಹೋದದ್ದು ಒಂದೇ ಸಾಮಾನು: ಸಂಜೆ ರದ್ದಿಯವನು ಒಯ್ದ ಹರಕು ನೂಲಿನ ಗಂಟು.

"ಗಂಟಿನಾಗ ಡಬ್ಬಿ ಇತ್ತೇನೋ?"

"ಕುರಿ ಹೊಟ್ಟ್ಯಾಗ ಮರಿ ಐತೋ ಇಲ್ಲೋ ಹೊರಗಿಂದ ಮುಟ್ಟಿ ಹೇಳಾಂವ ನಾ," ಎಂದ ಧೋಂಡಿಬಾ. "ಗಂಟ ಒತ್ತಿ ನೋಡೇನ್ರಿ. ಮೆತ್ತಗಿತ್ತು."

ಸುವರ್ಣಾ ಆದರೂ ರದ್ದಿ ಅಂಗಡಿಗೆ ಹೋಗಿ ಗಂಟು ಬಿಚ್ಚಿಸಿದಳು. ಹರಕು ನೂಲು, ಅದರೊಳಗೆ ಒಂದು ಹಳೆಯ ಚಪ್ಪಲಿ. ಧೋಂಡಿಬಾ ಹೇಳಿದ್ದು ಬರೋಬರಿ ಇತ್ತು. ಅಂದರೆ ಡಬ್ಬಿ ಕಾರಖಾನೆ ಬಿಟ್ಟು ಹೋಗಿಲ್ಲ. ಪೇದೆಗಳು ಉಗ್ರಾಣ, ಶೆಡ್ಡು, ಮಾಳಿಗೆ ಎಲ್ಲ ತಿರುವಿಹಾಕಿದರು. ಸಿಗಲಿಲ್ಲ.

ಅವಳನ್ನು ಕೊರೆಯುತ್ತಿದ್ದದ್ದು ಬೇರೆಯೇ. ಇಪ್ಪತ್ತೆರಡು ವರ್ಷದ ಕೈ ಮಾವಿನ ಎಲೆಗೆ ಇಟ್ಟಂಗಿ ಬಣ್ಣ ಹಾಕುವುದಿಲ್ಲ. ಕಣ್ಣು ಚುರುಕಾಗಿರುವ ಹುಡುಗಿಯೂ ಹಾಕುವುದಿಲ್ಲ. ಬೇಕೆಂದೇ ಮಾಡಿದ್ದಾದರೆ ಅದರಿಂದ ಯಾರಿಗೆ ಏನು ಸಿಕ್ಕಿತು? ವ್ಯಾಪಾರಿಯನ್ನು ವಿಚಾರಿಸಿದಳು. ಯಾರಿಗೂ ಏನೂ ಸಿಕ್ಕಿರಲಿಲ್ಲ.

ಸಂಜೆ ಪ್ರಾಜಕ್ತಾಳ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದಳು: ಈ ಸೀರೆಗಿಂತ ಮುಂಚೆ ಆ ಕೋಣೆಯಲ್ಲಿ ಏನು ಬದಲಾಗಿತ್ತು?

ಪ್ರಾಜಕ್ತಾ ಒಂದೊಂದಾಗಿ ನೆನೆದು ಹೇಳಿದಳು. ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಿತ್ತು. ಮೂರು ವಾರದ ಹಿಂದೆ, ಸೋಮವಾರ, ಅವಳೇ ಅದನ್ನು ಹಾಕಿದ್ದಳು. ಮಾಸ್ತರ ಆ ದಿನ ಗಡಹಿಂಗ್ಲಜಕ್ಕೆ, ತಾಯಿಯ ಬಳಿ ಹೋಗಿದ್ದರು. ಮರುದಿನ ಬಂದು ನೋಡಿದರೆ ಸ್ಕ್ರೀನಿನ ಹಿನ್ನೆಲೆ ಪೂರ್ತಿ ಕಪ್ಪು.

"ಕಾಕಾ ಒಂದ್ಸಲ ಗಪ್ಪಾಗಿ ಬಿಟ್ರು. ಬ್ಯಾಡಾದ್ರ ಹಳೇದ ಹಾಕಿ ಕೊಡ್ಲೇನ್ರಿ ಅಂತ ಕೇಳಿದ್ನಿ. 'ಇರ್ಲಿ ಬಿಡವಾ, ನಡೀತೈತಿ' ಅಂದ್ರು."

* * *

ಬುಧವಾರ ಬೆಳಿಗ್ಗೆ ಸುವರ್ಣಾ ಕೋಲ್ಹಾಪುರಕ್ಕೆ ಹೋದಳು. ಆ ಸಾಫ್ಟ್‌ವೇರ್ ಕಂಪನಿ ಎರಡು ಕೋಣೆಯದು. ಕಿಟಕಿಗೆ ದಪ್ಪ ಪರದೆ, ಒಳಗೆ ತಂಪು. ರೋಹನ ಎಂಬ ಮೂವತ್ತರ ಯುವಕ ಮಾಲೀಕ. ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಹಳೆಯ ಆವೃತ್ತಿ, ಹೊಸ ಆವೃತ್ತಿ ಎರಡನ್ನೂ ಅಕ್ಕಪಕ್ಕ ತೆರೆದು ತೋರಿಸಿದ.

ಹಳೆಯದು ತಿಳಿ ಬೂದು. ಬದಿಯಲ್ಲಿ ಬಣ್ಣದ ಚೌಕಗಳ ಸಾಲು. ಪ್ರತಿ ಚೌಕದ ಕೆಳಗೆ ಹೆಸರು. ಎಲೆ ಹಸಿರು, ಗಿಳಿ ಹಸಿರು, ಇಟ್ಟಂಗಿ, ಕುಂಕುಮ. ಚೀಟಿಯಲ್ಲೂ ಹೆಸರೇ ಅಚ್ಚಾಗುತ್ತಿತ್ತು. ಹೊಸದು ಕಪ್ಪು. ಚೌಕಗಳು ಇದ್ದವು, ಹೆಸರು ಇರಲಿಲ್ಲ. ಚೀಟಿಯಲ್ಲೂ ಬರೀ ಚೌಕ.

ಹೆಸರು ಯಾಕೆ ತೆಗೆದಿರಿ ಎಂದು ಸುವರ್ಣಾ ಕೇಳಿದಳು.

ತೆಗೆದಿಲ್ಲ, ಸೆಟ್ಟಿಂಗಿನೊಳಗೆ ಇದೆ ಎಂದ ರೋಹನ. ಡೀಫಾಲ್ಟ್ ಆಗಿ, ಅಂದರೆ ಯಾರೂ ಏನೂ ಬದಲಿಸದಿದ್ದರೆ, ಯಾವ ರೂಪ ಕೊಡಬೇಕು ಎಂದು ಮೂರು ಜನ ಕೂತು ನಿರ್ಧರಿಸಿದ್ದರು. ದೊಡ್ಡ ಕಂಪನಿಗಳೆಲ್ಲ ಕಪ್ಪಿಗೆ ಹೋಗಿದ್ದವು. ಕಪ್ಪಿನ ಮೇಲೆ ಅಷ್ಟೊಂದು ಅಕ್ಷರ ಗಿಜಿಗಿಜಿ ಕಾಣುತ್ತಿತ್ತು. ಬೇಕಾದವರು ಬದಲಿಸಿಕೊಳ್ಳುತ್ತಾರೆ ಎಂದುಕೊಂಡಿದ್ದರು.

"ಬದಲಿಸಿಕೊಳ್ಳುತ್ತಾರಾ?"

ರೋಹನ ಕುರ್ಚಿಯಲ್ಲಿ ಸ್ವಲ್ಪ ಕುಸಿದ. ಹತ್ತರಲ್ಲಿ ಒಂಬತ್ತು ಜನ ಬದಲಿಸುವುದಿಲ್ಲ ಎಂದು ಒಪ್ಪಿಕೊಂಡ. ಕೊಟ್ಟದ್ದರಲ್ಲೇ ಹೊಂದಿಕೊಂಡು ಬಿಡುತ್ತಾರೆ. ಡೀಫಾಲ್ಟ್ ಎನ್ನುವುದನ್ನು ನಾವು ಸಲಹೆ ಎಂದುಕೊಂಡು ಕೊಡುತ್ತೇವೆ, ಅವರು ಅಪ್ಪಣೆ ಎಂದುಕೊಂಡು ತಗೊಳ್ಳುತ್ತಾರೆ ಎಂದ. ಇಚಲಕರಂಜಿಯಿಂದ ಒಬ್ಬರು ಮಾತ್ರ ಇದಕ್ಕಾಗಿ ಫೋನ್ ಮಾಡಿದ್ದರಂತೆ.

ಸುವರ್ಣಾ ಪೆನ್ನು ಕೆಳಗಿಟ್ಟಳು. "ಯಾರು?"

ಹೆಸರು ಹೇಳಿರಲಿಲ್ಲ. ನಂಬರ್ ದಾಖಲಾಗಿತ್ತು, ಅದು ಕುಂಥುನಾಥರ ಕಾರಖಾನೆಯದೇ. ಹೊಸ ಆವೃತ್ತಿ ಹಾಕಿದ ಮರುದಿನ, ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ, ಮೂರು ನಲವತ್ತು, ನಾಲ್ಕು ಇಪ್ಪತ್ತೈದು. ಕಪ್ಪು ಬೇಡ ಎಂದು ಆತ ಹೇಳಿರಲಿಲ್ಲ. ಚೌಕದ ಕೆಳಗಿನ ಹೆಸರು ವಾಪಸು ತರುವುದು ಹೇಗೆ ಎಂದಷ್ಟೇ ಕೇಳಿದ್ದ. ಫೋನಿನಲ್ಲಿ ಕೂತಿದ್ದ ಹುಡುಗಿ ಮೂರು ಸಲವೂ ದಾರಿ ಹೇಳಿಕೊಟ್ಟಿದ್ದಳು. ಸೆಟ್ಟಿಂಗಿಗೆ ಹೋಗಿ. ಎರಡು ಗುಂಡಿ ಕಾಣುತ್ತವೆ. ಕೆಂಪು ಒತ್ತಿದರೆ ಹೊಸ ರೂಪವೇ ಖಾಯಂ ಆಗಿಬಿಡುತ್ತದೆ, ಹಸಿರು ಒತ್ತಿದರೆ ಹಳೆಯ ರೂಪ.

ಮೂರನೇ ಸಲ ಆತ ಉತ್ತರ ಕೊಡದೆ ಫೋನ್ ಇಟ್ಟಿದ್ದ.

* * *

ಬುಧವಾರ ಮಧ್ಯಾಹ್ನ ಸುವರ್ಣಾ ಗಡಹಿಂಗ್ಲಜಕ್ಕೆ ಹೋದಳು. ಮಾಸ್ತರರ ತಾಯಿ ಗಂಗುಬಾಯಿ ಅಂಗಳದಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು. ಕೆಂಪಾದದ್ದು ಒಂದು ಕಡೆ, ಇನ್ನೂ ಹಸಿರು ಉಳಿದದ್ದು ಇನ್ನೊಂದು ಕಡೆ. ಸುವರ್ಣಾ ಎದುರಿಗೆ ಕೂತು ತಾನೂ ಆರಿಸತೊಡಗಿದಳು.

"ನಮ್ಮ ಬಸು ಏನರ ಮಾಡ್ಯಾನೇನವಾ?"

"ಇಲ್ಲ ಆಯಿ. ಮೂರ ವಾರದ ಹಿಂದಿನ ಸೋಮವಾರ ಇಲ್ಲೇ ಇದ್ರಿಲ್ಲೋ? ಅಷ್ಟ ಕೇಳಾಕ ಬಂದೇನಿ. ಈ ಕೆಲಸಕ್ಕೂ ಹಚ್ಚಿರಬೇಕ ಅವರನ್ನ."

ಗಂಗುಬಾಯಿ ನಕ್ಕಳು. "ಇಲ್ಲೇ ಇದ್ದ. ಆದರ ಈ ಕೆಲಸಕ್ಕ ಮಾತ್ರ ಅಂವನ್ನ ಕರೀಬ್ಯಾಡ ನೋಡು. ಸಣ್ಣಾಂವಿದ್ದಾಗ ಹಣ್ಣಾದ್ದಷ್ಟ ಹರಕೊಂಡ ಬಾ ಅಂದ್ರ ಗಿಡಾನ ಬೋಳಿಸಿ ಬರ್ತಿದ್ದ. ಅವರಪ್ಪ ಭಾಳ ಹೊಡದಾರವಾ. ನನ್ನ ತಮ್ಮಾನೂ ಹಂಗ ಇದ್ದ. ಅಂಥಾಂವ ಈಗ ಬಣ್ಣದ ಮಾಸ್ತರ ಆಗ್ಯಾನ. ಕಲ್ತಾನ ನೋಡು, ಹಟಾ ಹಿಡದು ಕಲ್ತಾನ."

ಸುವರ್ಣಾ ಬುಟ್ಟಿ ಮುಗಿಯುವವರೆಗೂ ಎದ್ದೇಳಲಿಲ್ಲ.

* * *

ಗುರುವಾರ ಎರಡು ಗಂಟೆಗೆ ಅವಳು ಡಿಸೈನ್ ಕೋಣೆಯ ಬಾಗಿಲು ಮುಚ್ಚಿದಳು. ಒಳಗೆ ಕುಂಥುನಾಥ, ಪ್ರಾಜಕ್ತಾ, ಬಸವಂತ ಮಾಸ್ತರ.

"ಮಾಸ್ತರ, ಡಬ್ಬಿ ನೀವ ತೆಗದಿಟ್ಟೀರಿ," ಎಂದಳು ಮೆಲ್ಲಗೆ. "ಯಾಕಂತ ನಾ ಹೇಳ್ಲೋ, ನೀವ ಹೇಳ್ತೀರೋ?"

ಕುಂಥುನಾಥರು ಎದ್ದು ನಿಂತರು. ಸುವರ್ಣಾ ಕೈಸನ್ನೆಯಲ್ಲೇ ಅವರನ್ನು ಕೂರಿಸಿದಳು. ಒಂದೊಂದಾಗಿ ಹೇಳುತ್ತ ಹೋದಳು. ಗೇಟು ದಾಟಿ ಏನೂ ಹೋಗಿಲ್ಲ. ಡಬ್ಬಿ ಒಳಗೇ ಇದೆ. ವಾಯರು ಜೋಪಾನವಾಗಿ ಕಟ್ಟಿದವರಿಗೆ ಅದನ್ನು ಮಾರುವ ಆಸೆ ಇರಲಿಲ್ಲ. ಪ್ರಾಜಕ್ತಾ ಮಧ್ಯಾಹ್ನ ಎರಡಕ್ಕೇ ಹೋಗಿದ್ದಳು, ಮಾಲೀಕರು ಸಂಜೆ ಹೇಳಿದ ಮಾತು ಅವಳ ಕಿವಿಗೇ ಬಿದ್ದಿಲ್ಲ. ಕೋಲ್ಹಾಪುರಕ್ಕೆ ಮೂರು ಫೋನು ಹೋದದ್ದು ಎರಡು ಗಂಟೆಯ ಮೇಲೆ. ಆಗ ಕೋಣೆಯಲ್ಲಿ ಇದ್ದವರು ಮಾಸ್ತರ ಒಬ್ಬರೇ. ಪಕ್ಕದಲ್ಲೇ ಪ್ರಾಜಕ್ತಾ ಹಳೆಯದನ್ನು ಹಾಕಿಕೊಡುತ್ತೇನೆ ಎಂದರೆ ಬೇಡ ಎಂದವರು, ಹೆಸರು ಹೇಳದೆ ಕೋಲ್ಹಾಪುರಕ್ಕೆ ಮೂರು ಸಲ ಫೋನ್ ಮಾಡಿದ್ದರು.

"ಹೆಸರ ಇದ್ದಾಗ ನೀವು ಓದಿ ಬಣ್ಣ ತುಂಬತಿದ್ರಿ. ಹೆಸರ ಹ್ವಾದ ಮ್ಯಾಲ ಕಣ್ಣಿಂದ ನೋಡಿ ತುಂಬಬೇಕಾತು. ಕೆಂಪು, ಹಸಿರು ನಿಮಗ ಬ್ಯಾರೆ ಕಾಣಂಗಿಲ್ಲ. ಆಕಿ ಹಸಿರು ಗುಂಡಿ ಒತ್ರಿ ಅಂದ್ಳು. ಯಾವದಂತ ನಿಮಗ ತಿಳೀಲಿಲ್ಲ, ಒತ್ತಾಕ ಅಂಜಿದ್ರಿ."

ಗೋಡೆಯಾಚೆ ಮಗ್ಗಗಳು ಬಡಿಯುತ್ತಿದ್ದವು.

ಮಾಸ್ತರ ಎದ್ದು ಹಿಂದಿನ ಕಪಾಟಿನ ಬಾಗಿಲು ತೆಗೆದರು. ಕಂಪ್ಯೂಟರ್ ಬರುವ ಮೊದಲು ಮಗ್ಗಕ್ಕೆ ಡಿಸೈನ್ ತಿಳಿಸುತ್ತಿದ್ದ, ತೂತು ಹೊಡೆದ ರಟ್ಟಿನ ಪಟ್ಟಿಗಳ ಕಂತೆಗಳು ಮೇಲಿನವರೆಗೆ ತುಂಬಿದ್ದವು. ಪೇದೆಗಳು ಅದನ್ನು ತೆರೆದು ನೋಡಿ, ರದ್ದಿ ಎಂದು ಮುಚ್ಚಿದ್ದರು. ಮಾಸ್ತರ ನಾಲ್ಕು ಕಂತೆ ಕೆಳಗಿಳಿಸಿದರು. ಹಿಂದೆ, ಧೋತರದಲ್ಲಿ ಸುತ್ತಿದ ಡಬ್ಬಿ ಇತ್ತು.

"ಒಡದ ಹಾಕಬೇಕಂತ ತಗದಿದ್ನಿ," ಎಂದರು. "ಇಪ್ಪತ್ತೆರಡ ವರ್ಷದ ಡಿಸೈನ್ ಅದರಾಗ ಅದಾವು. ಕೈ ಬರ್ಲಿಲ್ಲ."

"ನನಗ ಒಂದ ಮಾತ ಹೇಳಿದ್ರ ಏನಾಗತಿತ್ತು ಮಾಸ್ತರ?" ಕುಂಥುನಾಥರ ದನಿ ಇಳಿದಿತ್ತು.

"ಬಣ್ಣ ಕಾಣದಾಂವನ್ನ ಯಾರರ ಬಣ್ಣದ ಮ್ಯಾಲ ಕುಂದರಸ್ತಾರೇನ್ರಿ ಮಾಲಕ್ರ?"

ಸುವರ್ಣಾಳೇ ಮಾತಾಡಿದಳು. ಹೆಸರು ಇದ್ದಷ್ಟು ದಿನ ಇವರ ಕೈಯಲ್ಲಿ ಒಂದು ಎಲೆಯೂ ತಪ್ಪಿಲ್ಲ. ಹೆಸರು ವಾಪಸು ತರಲು ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಿದರೆ ಸಾಕು. ರೋಹನ ನಿನ್ನೆ ರಾತ್ರಿಯೇ ಫೋನ್ ಮಾಡಿದ್ದ. ಮುಂದಿನ ಆವೃತ್ತಿಯಲ್ಲಿ ಹೆಸರುಗಳು ಡೀಫಾಲ್ಟ್ ಆಗಿಯೇ ಇರುತ್ತವೆ, ಗುಂಡಿಗಳ ಮೇಲೂ ಅಕ್ಷರ ಬರುತ್ತದೆ. ಡಬ್ಬಿ ಕಾರಖಾನೆ ಬಿಟ್ಟು ಹೋಗಿಲ್ಲವಾದ್ದರಿಂದ, ಮಾಲೀಕರು ದೂರು ವಾಪಸು ತಗೊಂಡರೆ ತನ್ನ ಕೆಲಸ ಮುಗಿಯಿತು.

"ತಗೋತೀನ್ರಿ," ಎಂದರು ಕುಂಥುನಾಥ. "ಮಾಸ್ತರ ಎಲ್ಲಿಗಿ ಹೋಗ್ತಾರ? ಇಲ್ಲೇ ಇರ್ಲಿ. ಇದ ಈ ಕ್ವಾಣ್ಯಾಗ ಮುಗೀಲಿ."

"ಈ ಕ್ವಾಣ್ಯಾಗ ಮುಗ್ಯಾಂಗಿಲ್ರಿ."

ಎಲ್ಲರೂ ತಿರುಗಿದರು. ಪ್ರಾಜಕ್ತಾ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣುಗಳು ಒದ್ದೆಯಾಗಿದ್ದವು, ದನಿ ನಡುಗಲಿಲ್ಲ.

"ಕಾಕಾ, ನಿಮ್ಮ ಕಣ್ಣಿಂದ ತಪ್ಪಾತು, ಅದಕ್ಕ ನನಗ ಸಿಟ್ಟಿಲ್ರಿ. ಮೂರ ದಿನಾ ನನ್ನ ಕಳ್ಳಿ ಅಂದ್ರು. ನೀವು ಅಲ್ಲೇ ನಿಂತ ಕೇಳಿದ್ರಿ. ನಮ್ಮಪ್ಪನ ಸಂಗಟ ಯಾರೂ ಚಹಾ ಕುಡೀವಲ್ರು. ಹೊರಗ ಬಂದ ಹೇಳ್ರಿ."

ಮಾಸ್ತರ ಅಂಗಿಯ ಗುಂಡಿ ಸರಿಮಾಡಿಕೊಂಡು ಬಾಗಿಲು ತೆಗೆದರು.

ಕುಂಥುನಾಥರು ಮೇನ್ ಸ್ವಿಚ್ ಇಳಿಸಿದರು. ಮಗ್ಗಗಳು ಒಂದರ ಹಿಂದೊಂದು ನಿಂತವು. ಹಾಡುಹಗಲಿನಲ್ಲಿ ಆ ಶೆಡ್ಡು ಅಷ್ಟು ಸುಮ್ಮನಾದದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲರೂ ಇತ್ತ ತಿರುಗಿದರು. ಮಾಸ್ತರ ನಡುವಿನ ದಾರಿಯಲ್ಲಿ ನಡೆದು ಹನ್ನೊಂದನೇ ಮಗ್ಗದ ಮುಂದೆ ನಿಂತರು. ಯಲ್ಲೇಶನಿಗೆ ಮಾತ್ರ ಕೇಳುವಂತೆ ಏನೋ ಹೇಳಿದರು.

ಯಲ್ಲೇಶ ಕಿವಿಗೆ ಕೈ ಹಿಡಿದ. ಮೂವತ್ತು ವರ್ಷದ ಮಗ್ಗದ ಸದ್ದು ಅವನ ಕಿವಿ ತಿಂದಿತ್ತು. "ಏನಂದ್ರಿ?"

ಮಾಸ್ತರ ಉಸಿರು ಎಳೆದುಕೊಂಡರು. ಜೋರಾಗಿ, ಬಹುಶಃ ಜೀವನದಲ್ಲೇ ಮೊದಲ ಸಲ ಅಷ್ಟು ಜೋರಾಗಿ ಹೇಳಿದರು:

"ನನಗ ಕೆಂಪು ಹಸಿರು ತಿಳ್ಯಾಂಗಿಲ್ಲ. ಸೀರಿ ಕೆಡಿಸಿದಾಂವ ನಾ. ಡಬ್ಬಿ ಮುಚ್ಚಿಟ್ಟಾಂವ ನಾ. ನಿನ್ನ ಮಗಳು ಏನೂ ಮಾಡಿಲ್ಲ."

ಮಾತು ತಗಡಿನ ಛಾವಣಿಗೆ ತಾಗಿ ಶೆಡ್ಡಿನ ತುಂಬ ಹರಡಿತು. ಯಲ್ಲೇಶ ಕೈಯನ್ನು ಅಂಗಿಗೆ ಒರೆಸಿಕೊಂಡ. ಮಾಸ್ತರರ ಭುಜವನ್ನು ಒಮ್ಮೆ ಮುಟ್ಟಿದ. ಆಮೇಲೆ ಅವರನ್ನು ದಾಟಿ, ಉಳಿದವರ ಕಡೆಗೆ ಮುಖ ಮಾಡಿ ನಿಂತ.

"ಎಲ್ಲಾರಿಗೂ ಕೇಳಿಸಿತೇನ್ರಿ?" ಎಂದ.